ತೊಟ್ಟಿ ತೊಳೆಯುವ ಸುಖ: ರಂಗಯ್ಯನದುರ್ಗದ ಕೊಂಡುಕುರಿ ಕಾಡಿನಲ್ಲಿ ಸ್ವಯಂಸೇವೆ

[ದೃಶ್ಯ: ಬೆಳಗಿನ ಎಳೆಬಿಸಿಲು. ಕುರುಚಲು ಕಾಡಿನ ನಡುವೆ ನೆಲಮಟ್ಟದ ಸಿಮೆಂಟ್ ತೊಟ್ಟಿ. ಅಂಚಿನ ಒದ್ದೆಯ ಮೇಲೆ ಜೇನುನೊಣಗಳು.]

ನಮಸ್ಕಾರ. ನೀವು ನೋಡುತ್ತಿರುವ ಈ ತೊಟ್ಟಿಯನ್ನು ತೊಳೆಯುವುದಕ್ಕೆಂದು ನಾವು ಐದು ಜನ ದಾವಣಗೆರೆಯಿಂದ ನಸುಕಿನಲ್ಲೇ ಹೊರಟು ಬಂದಿದ್ದೇವೆ. ವನ್ಯಧಾಮಕ್ಕೆ ಹೋಗುತ್ತೇವೆ ಎಂದಾಗ ಮನೆಯವರು ಕೇಳಿದ ಮೊದಲ ಪ್ರಶ್ನೆ, ‘ಅಲ್ಲಿ ಏನೇನು ಕಾಣುತ್ತೆ?’ ಎಂಬುದು. ಹುಲಿಯಿಲ್ಲ, ಆನೆಯ ಹಿಂಡಿಲ್ಲ ಎಂದ ಕೂಡಲೇ ‘ಹಂಗಾರೆ ಯಾಕೆ ಹೋಗ್ತೀರಿ?’ ಎಂಬ ಎರಡನೆಯ ಪ್ರಶ್ನೆ ತಾನಾಗಿ ಬಂತು. ಕಾಣಲು ಹೋದವರಿಗೆ ಈ ಕಾಡು ಏನನ್ನೂ ತೋರಿಸುವುದಿಲ್ಲ, ಕೆಲಸಕ್ಕೆ ಹೋದವರಿಗೆ ಮಾತ್ರ ಒಂದೊಂದಾಗಿ ತೋರಿಸುತ್ತದೆ ಎಂಬುದು ಮೂರು ಬೇಸಿಗೆಗಳ ನನ್ನ ಅನುಭವ. ಆ ಎರಡನೆಯ ಪ್ರಶ್ನೆಗೆ ಉತ್ತರವಾಗಿ ಈ ವಿಡಿಯೋ ಮಾಡುತ್ತಿದ್ದೇನೆ.

[ದೃಶ್ಯ: ಜಗಳೂರು ತಾಲ್ಲೂಕಿನ ನಕ್ಷೆ. ನಂತರ ಮೆಕ್ಕೆಜೋಳದ ಹೊಲಗಳ ಆಚೆಗೆ ಏಳುವ ಗುಡ್ಡಗಳು.]

ರಂಗಯ್ಯನದುರ್ಗದ ಕಾಡು ಇರುವುದು ದಾವಣಗೆರೆ ಜಿಲ್ಲೆಯ ಜಗಳೂರು ತಾಲ್ಲೂಕಿನಲ್ಲಿ. 1997ರಲ್ಲಿ ದಾವಣಗೆರೆ ಪ್ರತ್ಯೇಕ ಜಿಲ್ಲೆಯಾಗುವವರೆಗೆ ಈ ತಾಲ್ಲೂಕು ಚಿತ್ರದುರ್ಗಕ್ಕೆ ಸೇರಿತ್ತು. ಮಳೆಯ ವಿಷಯದಲ್ಲಿ ಎರಡೂ ಜಿಲ್ಲೆಗಳ ಗೋಳನ್ನು ಒಟ್ಟಿಗೆ ಹೊತ್ತ ಸೀಮೆ ಇದು, ಬರಪೀಡಿತ ತಾಲ್ಲೂಕುಗಳ ಪಟ್ಟಿಯಲ್ಲಿ ಜಗಳೂರಿನ ಹೆಸರು ಇಲ್ಲದ ವರ್ಷ ನನಗಂತೂ ನೆನಪಾಗುವುದಿಲ್ಲ. ಇಲ್ಲಿನ 77.23 ಚದರ ಕಿಲೋಮೀಟರ್ ಕಾಡನ್ನು 2011ರಲ್ಲಿ ಸರ್ಕಾರವು ಕೊಂಡುಕುರಿ ವನ್ಯಧಾಮವೆಂದು ಘೋಷಿಸಿತು. ಮುತ್ತುಗ, ಕಕ್ಕೆ, ಕಗ್ಗಲಿ, ಎಲಚಿ, ಕಾರೆಗಳ ನಡುವೆ ಸೊಂಟದೆತ್ತರದ ಹುಲ್ಲು ಬೆಳೆಯುವ ಈ ಕಾಡು ಮಳೆಗಾಲದ ಎರಡು ತಿಂಗಳು ಹಸಿರಾಗಿದ್ದು, ಉಳಿದ ದಿನ ಒಣ ಸೌದೆಯ ಬಣ್ಣಕ್ಕೆ ತಿರುಗುತ್ತದೆ. ಮಲೆನಾಡಿನ ಕಾಡನ್ನು ಕಣ್ಣಲ್ಲಿಟ್ಟುಕೊಂಡು ಬಂದವರಿಗೆ ಇದು ಹಾಳುಬಿದ್ದ ಗೋಮಾಳದಂತೆ ಕಾಣುವುದು ಸಹಜ, ಮೊದಲ ಸಲ ಬಂದಾಗ ನನಗೂ ಹಾಗೆಯೇ ಕಂಡಿತ್ತು.

ಕೊಂಡುಕುರಿಗೆ ಬೇಕಾದದ್ದು ಮಾತ್ರ ಇಂಥ ಕಾಡೇ. ಹೆಸರಿನಲ್ಲಿ ಕುರಿ ಎಂದಿದ್ದರೂ ಅದು ಕುರಿಯಲ್ಲ. ಭಾರತ ಮತ್ತು ನೇಪಾಳಗಳಲ್ಲಿ ಮಾತ್ರ ಇರುವ, ನಾಲ್ಕು ಕೊಂಬಿನ ಸಣ್ಣ ಜಾತಿಯ ಹುಲ್ಲೆ. ಭುಜದ ಬಳಿ ಎರಡಡಿ ಎತ್ತರ, ತೂಕ ಹೆಚ್ಚೂಕಡಿಮೆ 20 ಕಿಲೋ, ಅಂದರೆ ಸಾಧಾರಣ ಆಡಿನಷ್ಟೇ ಗಾತ್ರ. ಕೊಂಬು ಗಂಡಿಗೆ ಮಾತ್ರ. ಹಿಂದಿನ ಜೋಡಿ ಒಂದು ಗೇಣಿಗೂ ಕಡಿಮೆ ಉದ್ದವಿದ್ದರೆ, ಹಣೆಯ ಮೇಲಿನ ಮುಂದಿನ ಜೋಡಿ ಎರಡು ಬೆರಳಿನಷ್ಟು ಮಾತ್ರ ಇರುತ್ತದೆ, ಕೆಲವು ಗಂಡುಗಳಲ್ಲಿ ಅದೂ ಬೆಳೆಯದೆ ಬರೀ ಗುಬುಟಾಗಿ ಉಳಿಯುತ್ತದೆ. ಕೃಷ್ಣಮೃಗದಂತೆ ಹಿಂಡು ಕಟ್ಟುವ ಪ್ರಾಣಿ ಇದಲ್ಲ. ಒಂಟಿಯಾಗಿಯೋ ಜೋಡಿಯಾಗಿಯೋ ಹುಲ್ಲಿನ ಮರೆಯಲ್ಲಿದ್ದು, ಅಪಾಯದ ಸುಳಿವು ಸಿಕ್ಕರೆ ಓಡುವುದಕ್ಕಿಂತ ಮೊದಲು ಅಲ್ಲಾಡದೆ ನಿಂತುಬಿಡುತ್ತದೆ. ಹತ್ತು ಮಾರು ದೂರದಲ್ಲಿ ಅದು ನಮ್ಮನ್ನು ನೋಡುತ್ತ ನಿಂತಿದ್ದರೂ ನಾವು ಮಾತಾಡಿಕೊಂಡು ಮುಂದೆ ಹೋಗಿಬಿಡುತ್ತೇವೆ. ಅಳಿವಿನಂಚಿನತ್ತ ಸಾಗುತ್ತಿರುವ ಪ್ರಾಣಿಗಳ ಜಾಗತಿಕ ಪಟ್ಟಿಯಲ್ಲಿ ಇದರ ಹೆಸರಿದೆ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದನ್ನು ಅತಿ ಹೆಚ್ಚಿನ ರಕ್ಷಣೆಯಿರುವ ಒಂದನೆಯ ಅನುಸೂಚಿಯಲ್ಲಿ ಇಟ್ಟಿದೆ.

[ದೃಶ್ಯ: ಕಾಲುದಾರಿಯ ಪಕ್ಕ, ಕಾರೆ ಗಿಡದ ಬುಡ. ಕ್ಯಾಮೆರಾ ನೆಲಕ್ಕೆ ಇಳಿಯುತ್ತದೆ.]

ಹಾಗಾದರೆ ಕಾಡಿನಲ್ಲಿ ಅದು ಇದೆಯೆಂದು ತಿಳಿಯುವುದು ಹೇಗೆ? ಮೊದಲ ದಿನ ನಾನು ಈ ಜಾಗವನ್ನು ದಾಟುವಾಗ ಹಿಂದಿನಿಂದ ಅರಣ್ಯ ಇಲಾಖೆಯ ವಾಚರ್ ಕೂಗಿದರು, ‘ಸರ್, ಅದನ್ನ ತುಳಿಬ್ಯಾಡ್ರಿ, ಅದರ ಮನೀ ಪಾಯಖಾನೆ ಅದು.’ ಬಗ್ಗಿ ನೋಡಿದರೆ ಕಡಲೆಕಾಳಿಗಿಂತ ಸ್ವಲ್ಪ ಉದ್ದನೆಯ ಹಿಕ್ಕೆಗಳ ರಾಶಿ. ಮೇಲಿನ ಪದರ ಎಣ್ಣೆ ಸವರಿದಂತೆ ಕಪ್ಪಾಗಿ ಹೊಳೆಯುತ್ತಿತ್ತು, ಅದರ ಕೆಳಗಿನದು ಕಂದು, ತೀರ ಅಡಿಯದು ಬೂದಿ ಬಣ್ಣಕ್ಕೆ ತಿರುಗಿ ಗೆದ್ದಲು ಹಿಡಿದಿತ್ತು. ಆಡು ನಡೆಯುತ್ತಲೇ ಹಿಕ್ಕೆ ಉದುರಿಸಿಕೊಂಡು ಹೋಗುತ್ತದೆ, ಕೊಂಡುಕುರಿಯಾದರೋ ಮತ್ತೆ ಮತ್ತೆ ಅದೇ ಜಾಗಕ್ಕೆ ಬಂದು ರಾಶಿ ಮಾಡುತ್ತದೆ. ಈ ರಾಶಿಗಳು ಎಲ್ಲೆಲ್ಲಿವೆ, ಯಾವುದರ ಮೇಲ್ಪದರ ಹಸಿಯಾಗಿದೆ, ಯಾವುದು ಪೂರ್ತಿ ಒಣಗಿ ಕೈಬಿಟ್ಟಂತಿದೆ ಎಂದು ಬರೆದಿಟ್ಟರೆ, ಪ್ರಾಣಿಯನ್ನು ನೋಡದೆಯೇ ಅದು ಓಡಾಡುವ ಜಾಗ ಯಾವುದೆಂದು ಹೇಳಬಹುದು. ಸ್ವಯಂಸೇವಕರಿಗೆ ಮೊದಲು ಸಿಗುವ ಕೆಲಸಗಳಲ್ಲಿ ಇದೂ ಒಂದು. ಸಿಬ್ಬಂದಿಯ ಜೊತೆ ಗೊತ್ತುಪಡಿಸಿದ ದಾರಿಯಲ್ಲಿ ನಡೆದು, ರಾಶಿ ಕಂಡಲ್ಲಿ ದಿನಾಂಕ, ಹೊತ್ತು, ಹಸಿ ಅಥವಾ ಒಣ ಎಂದು ಗುರುತು ಮಾಡುವುದು. ಹಿಕ್ಕೆ ಲೆಕ್ಕ ಹಾಕಲು ಎಂಜಿನಿಯರಿಂಗ್ ಓದಬೇಕಿತ್ತೇ ಎಂದು ನನ್ನ ಅಕ್ಕ ನಗುತ್ತಾಳೆ, ನಗಲಿ.

[ದೃಶ್ಯ: ತೊಟ್ಟಿಯ ನೀರನ್ನು ಬಕೆಟ್ಟಿನಿಂದ ಎತ್ತಿ ಹೊರಗೆ ಚೆಲ್ಲುತ್ತಿರುವ ಕೈಗಳು.]

ಈಗ ತೊಟ್ಟಿಯ ವಿಷಯಕ್ಕೆ ಬರೋಣ. ಕೊಂಡುಕುರಿಗೆ ಬೇಸಿಗೆಯಲ್ಲಿ ಕುಡಿಯುವ ನೀರು ತೀರ ಅಗತ್ಯ, ಅದು ನೀರಿನಿಂದ ಬಹಳ ದೂರ ಹೋಗಿ ಬದುಕುವ ಪ್ರಾಣಿಯಲ್ಲ. ಮಾರ್ಚ್ ಹೊತ್ತಿಗೆ ಹಳ್ಳಗಳು ಬತ್ತಿ, ಊರ ಸುತ್ತಲಿನ ಗೋಕಟ್ಟೆಗಳಲ್ಲಿ ಬಿರುಕುಬಿಟ್ಟ ಕೆಸರು ಮಾತ್ರ ಉಳಿಯುತ್ತದೆ. ಆಗ ನೀರನ್ನು ಹುಡುಕಿಕೊಂಡು ಊರಿನ ಕಡೆ ಇಳಿದ ಕಾಡುಪ್ರಾಣಿಗೆ ನಾಯಿಗಳೇ ದೊಡ್ಡ ಶತ್ರು. ಆದ್ದರಿಂದ ಕಾಡಿನೊಳಗೆ ತೊಟ್ಟಿಗಳಿಗೆ ನೀರು ತುಂಬಿಸುತ್ತಾರೆ. ತುಂಬಿಸಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ, ನಿಂತ ನೀರು ವಾರದೊಳಗೆ ಪಾಚಿಗಟ್ಟಿ, ಎಲೆ ಕೊಳೆತು ನಾರುತ್ತದೆ.

ತೊಳೆಯುವುದಕ್ಕೂ ಒಂದು ಕ್ರಮವಿದೆ. ಹಳೆಯ ನೀರನ್ನು ಒಮ್ಮೆಲೇ ಚೆಲ್ಲದೆ ಬಕೆಟ್ಟಿನಲ್ಲಿ ಎತ್ತಿ ತೊಟ್ಟಿಯ ಸುತ್ತಲಿನ ಗಿಡಗಳ ಬುಡಕ್ಕೆ ಹಾಕಬೇಕು, ಕಪ್ಪೆಮರಿ ಇದ್ದರೆ ಬೇರೆ ಪಾತ್ರೆಯಲ್ಲಿ ಹಿಡಿದಿಟ್ಟು ಮತ್ತೆ ಬಿಡಬೇಕು, ಗೋಡೆಯ ಪಾಚಿಯನ್ನು ತೆಂಗಿನ ನಾರಿನಿಂದ ತಿಕ್ಕಬೇಕು. ಮೊದಲ ವರ್ಷ ನಾನು ಮನೆಯಿಂದ ಪಾತ್ರೆ ತೊಳೆಯುವ ಪುಡಿಯ ಪೊಟ್ಟಣ ತಂದಿದ್ದೆ. ವಾಚರ್ ಅದನ್ನು ನನ್ನ ಕೈಯಿಂದ ತೆಗೆದುಕೊಂಡು ತಮ್ಮ ಜೇಬಿಗೆ ಹಾಕಿಕೊಂಡರೇ ಹೊರತು ಒಂದು ಮಾತೂ ಆಡಲಿಲ್ಲ, ಬೈದಿದ್ದರೆ ಅಷ್ಟು ನಾಚಿಕೆಯಾಗುತ್ತಿರಲಿಲ್ಲ. ತೊಳೆದ ಮೇಲೆ ಒಳಗೆ ಒಂದು ಮೂಲೆಯಲ್ಲಿ ಕಲ್ಲುಗಳನ್ನು ಮೆಟ್ಟಿಲಿನಂತೆ ಜೋಡಿಸಬೇಕು. ಓತಿಕ್ಯಾತ, ಅಳಿಲು, ಹಕ್ಕಿಮರಿಗಳು ನೀರಿಗೆ ಬಿದ್ದರೆ ನುಣುಪಾದ ಸಿಮೆಂಟ್ ಗೋಡೆ ಹತ್ತಲಾರವು. ಕೆಳಗಿನ ತೊಟ್ಟಿಯಲ್ಲಿ ನಮಗೆ ಒಮ್ಮೆ ಸತ್ತ ಅಳಿಲು ಸಿಕ್ಕಿತ್ತು, ಆ ತೊಟ್ಟಿಗೆ ಅಂದು ಕಲ್ಲು ಇರಲಿಲ್ಲ. ಜೇನುನೊಣಗಳಿಗೆ ಅಂಚಿನ ಮೇಲೆ ಒದ್ದೆ ಗೋಣಿಚೀಲದ ತುಂಡು ಹಾಸಿದರೆ ಅವು ಮುಳುಗದೆ ಅಲ್ಲಿಯೇ ಕೂತು ಕುಡಿದು ಹೋಗುತ್ತವೆ. ಐದು ಜನಕ್ಕೆ ಒಂದು ತೊಟ್ಟಿ ಎರಡು ಗಂಟೆಯ ಕೆಲಸ.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಈ ತೊಟ್ಟಿ ಇರುವ ಜಾಗವನ್ನು ನಾನು ಬೇಕೆಂದೇ ಹೇಳುತ್ತಿಲ್ಲ, ದೂರದ ಗುಡ್ಡಗಳನ್ನೂ ಚೌಕಟ್ಟಿನಿಂದ ಹೊರಗಿಟ್ಟಿದ್ದೇನೆ. ಬೇಸಿಗೆಯಲ್ಲಿ ನೀರಿರುವ ಜಾಗವೆಂದರೆ ಉರುಳು ಹಾಕುವವನಿಗೆ ಪ್ರಾಣಿಯ ವಿಳಾಸ ಕೊಟ್ಟಂತೆ. ನೀವೂ ಫೋನಿನ ಲೊಕೇಶನ್ ಬಂದ್ ಮಾಡಿಯೇ ಚಿತ್ರ ತೆಗೆಯಿರಿ. ಮುಳ್ಳುಬೇಲಿಯಲ್ಲಿ ತಂತಿಯ ಕುಣಿಕೆ ಕಂಡರೆ ಕೀಳಲು ಹೋಗದೆ ಜೊತೆಗಿರುವ ಗಾರ್ಡಿಗೆ ತೋರಿಸಿ. ಒಬ್ಬರೇ ಇದ್ದಾಗ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ.

[ದೃಶ್ಯ: ಹುಲ್ಲು ಕೆತ್ತಿ ಮಾಡಿದ ಅಗಲವಾದ ಬೋಳು ಪಟ್ಟಿ, ಗುಡ್ಡದ ಇಳಿಜಾರಿನಲ್ಲಿ.]

ಜನವರಿಯಿಂದ ಮೇ ತಿಂಗಳವರೆಗಿನ ಇನ್ನೊಂದು ಕೆಲಸ ಬೆಂಕಿಯದು. ಇಲ್ಲಿನ ಬಾದೆಹುಲ್ಲು ಒಣಗಿದರೆ ಒಂದು ಬೀಡಿಯ ತುಂಡು ಸಾಕು. ಹಳೆಯ ಹುಲ್ಲು ಸುಟ್ಟರೆ ಮೊದಲ ಮಳೆಗೆ ಎಳೆಹುಲ್ಲು ಚೆನ್ನಾಗಿ ಬರುತ್ತದೆ ಎಂಬ ನಂಬಿಕೆಯಿಂದ ಕಡ್ಡಿ ಗೀರುವವರೂ ಇದ್ದಾರೆ. ಅವರನ್ನು ಕಿಡಿಗೇಡಿಗಳೆಂದು ಬರೆದುಬಿಡುವುದು ಸುಲಭ, ಆದರೆ ನೂರು ಕುರಿಗಳ ಹಸಿವನ್ನು ಜೂನ್‌ವರೆಗೆ ದಾಟಿಸಬೇಕಾದ ಕುರಿಗಾಹಿಯ ಲೆಕ್ಕ ಬೇರೆ. ಅಂಥ ಒಬ್ಬ ಹಿರಿಯರು ನನಗೆ ಹೇಳಿದ್ದು, ‘ಬೆಂಕಿ ಇಟ್ಟೋನ ಕುರೀನೂ ಅದೇ ಗುಡ್ಡದಾಗ ಮೇಯ್ತಾವಪ್ಪ, ಎರಡು ತಿಂಗಳು ಅವಕ್ಕೂ ಬೂದೀನೇ ಗತಿ.’ ಊರಿನಲ್ಲಿ ಈ ಮಾತನ್ನು ನಮ್ಮಂಥವರು ಹೇಳಿದರೆ ನಾಟುವುದಿಲ್ಲ, ಅವರು ಹೇಳಿದರೆ ನಾಟುತ್ತದೆ. ಆದ್ದರಿಂದ ಬೇಸಿಗೆಗೆ ಮುಂಚಿನ ಹಳ್ಳಿ ಸಭೆಗಳಲ್ಲಿ ಸ್ವಯಂಸೇವಕರು ಮಾಡಬೇಕಾದದ್ದು ಭಾಷಣವಲ್ಲ, ಇಂಥವರನ್ನು ಮಾತಿಗೆ ಎಳೆಯುವುದು. ದೈಹಿಕ ಕೆಲಸವೆಂದರೆ ಬೆಂಕಿ ರೇಖೆ, ಅಂದರೆ ಹುಲ್ಲು ತರಗೆಲೆಗಳನ್ನು ಕೆತ್ತಿ ಗುಡಿಸಿ ಬೆಂಕಿ ದಾಟದಂತೆ ಮಾಡುವ ಬೋಳು ಪಟ್ಟಿ. ಉರಿಯುತ್ತಿರುವ ಗುಡ್ಡಕ್ಕೆ ಮಾತ್ರ ತರಬೇತಿಯಿಲ್ಲದವರು ಹತ್ತಬಾರದು. ಗಾಳಿ ತಿರುಗಿದರೆ ಹಸಿ ಸೊಪ್ಪಿನ ಕೊಂಬೆ ಹಿಡಿದು ನಿಂತವನಿಗಿಂತ ಬೆಂಕಿಯೇ ವೇಗವಾಗಿ ಗುಡ್ಡ ಹತ್ತುತ್ತದೆ.

ಪ್ರತಿ ಜೂನ್‌ನಲ್ಲಿ ನನಗೆ ಬರುವ ಸಂದೇಶಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬೀಜದುಂಡೆಗಳ ಬಗ್ಗೆ. ಸಾವಿರಗಟ್ಟಲೆ ಬೇವು, ಹೊಂಗೆಯ ಉಂಡೆ ಮಾಡಿದ್ದೇವೆ, ವನ್ಯಧಾಮದಲ್ಲಿ ಎಸೆಯಬಹುದೇ ಎಂದು ಕೇಳುತ್ತಾರೆ. ಬೇಡ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಕೊಂಡುಕುರಿಗೆ ಹುಲ್ಲು, ಪೊದೆ, ಮರ ಮೂರೂ ಬೆರೆತ ತೆರಪು ಬೇಕು, ತೆರಪನ್ನೆಲ್ಲ ಮರದಿಂದ ತುಂಬಿದರೆ ನಾವು ಅದರ ಮನೆಯೊಳಗೆ ನಮ್ಮ ಸಾಮಾನು ಇಟ್ಟಂತಾಗುತ್ತದೆ. ಕೈ ಕೆಲಸ ಕೇಳುತ್ತಿದ್ದರೆ ಹೊರನಾಡಿನಿಂದ ಬಂದು ಹಬ್ಬುವ ಲಂಟಾನ ಕೀಳಿರಿ, ಬಳ್ಳಾರಿ ಜಾಲಿಯ ಸಸಿ ಕೀಳಿರಿ. ಅದೂ ಗಾರ್ಡ್ ತೋರಿಸಿದ ಜಾಗದಲ್ಲಿ, ಬೇರುಸಹಿತ, ಮಳೆ ಬಿದ್ದು ನೆಲ ಮೆತ್ತಗಾದ ಮೇಲೆ.

[ದೃಶ್ಯ: ಜೋಗಿಮಟ್ಟಿಯ ತಿರುವು ರಸ್ತೆ, ಮಂಜು.]

ಚಿತ್ರದುರ್ಗದವರು ಇಷ್ಟು ದೂರ ಬರಬೇಕಾಗಿಲ್ಲ. ಪೇಟೆಗೆ ಒತ್ತಿಕೊಂಡೇ ಇರುವ ಜೋಗಿಮಟ್ಟಿ 2015ರಿಂದ ವನ್ಯಧಾಮ. ಬಂಡೆಗುಡ್ಡಗಳನ್ನು ಬಿಟ್ಟು ಬೇರೆಡೆ ಅಷ್ಟಾಗಿ ಕಾಣದ, ದಕ್ಷಿಣ ಭಾರತಕ್ಕೆ ಸೀಮಿತವಾದ ಹಳದಿ ಕೊರಳಿನ ಪಿಕಳಾರ ಹಕ್ಕಿ ಅಲ್ಲಿನ ವಿಶೇಷ. ಅಲ್ಲಿಯ ದೊಡ್ಡ ಕೆಲಸ ಬಾಟಲಿ ಹೆಕ್ಕುವುದು, ಅದಕ್ಕೆ ವಿವರಣೆ ಬೇಕಿಲ್ಲ.

[ದೃಶ್ಯ: ನೋಟ್‌ಬುಕ್ಕು, ಪೆನ್ಸಿಲ್ಲು, ದುರ್ಬೀನು. ಮರದ ನೆರಳು.]

ಕೆಲಸ ಮುಗಿದ ಮೇಲಿನ ಒಂದು ಗಂಟೆಯನ್ನು ನಾವು ಯಾರೊಡನೆಯೂ ಮಾತಾಡದೆ ಕಳೆಯುತ್ತೇವೆ. ಹದಿನೈದು ನಿಮಿಷಕ್ಕೊಂದು ಪಟ್ಟಿಯಂತೆ ಕಂಡ, ಕೇಳಿದ ಹಕ್ಕಿಗಳನ್ನು ಬರೆದು ಸಂಜೆ ಇ-ಬರ್ಡ್ ಆ್ಯಪಿಗೆ ಸೇರಿಸುತ್ತೇವೆ. ಫೆಬ್ರವರಿಯಲ್ಲಿ ನಾಲ್ಕು ದಿನ ನಡೆಯುವ ಜಾಗತಿಕ ಹಕ್ಕಿ ಎಣಿಕೆಯಲ್ಲಿ ಭಾರತದವರು 2013ರಿಂದ ಪಾಲ್ಗೊಳ್ಳುತ್ತಿದ್ದಾರೆ, ಮನೆಯ ಮಹಡಿಯಿಂದಲೂ ಎಣಿಸಬಹುದು. ಕಳೆದ ಏಪ್ರಿಲ್‌ನಲ್ಲಿ ಹೀಗೆ ಕೂತಿದ್ದಾಗಲೇ, ಒಣಹುಲ್ಲಿನ ಬಣ್ಣದ ಒಂದು ತುಂಡು ಅಲುಗಿದಂತಾಗಿ ಅದಕ್ಕೆ ಕಿವಿ ಮೂಡಿತು. ಮುಂಗಾಲನ್ನು ಎತ್ತಿ ಹಿಡಿದು ಇಡಲೋ ಬೇಡವೋ ಎಂಬಂತೆ ನಿಂತಿದ್ದ ಹೆಣ್ಣು ಕೊಂಡುಕುರಿ, ತಡೆತಡೆದು ನಾಲ್ಕು ಹೆಜ್ಜೆ ಇಟ್ಟು ಮತ್ತೆ ಹುಲ್ಲಾಗಿ ಹೋಯಿತು. ಕ್ಯಾಮೆರಾ ಚೀಲದಲ್ಲೇ ಇತ್ತು, ಆದ್ದರಿಂದ ಈ ವಿಡಿಯೋದಲ್ಲಿ ನಿಮಗೆ ತೋರಿಸಲು ಆ ದೃಶ್ಯವಿಲ್ಲ.

ಬರಲು ಮನಸ್ಸಿದ್ದವರಿಗೆ ಕೆಲವು ಮಾತು. ವನ್ಯಧಾಮದೊಳಗೆ ಅನುಮತಿಯಿಲ್ಲದೆ ಕಾಲಿಡುವಂತಿಲ್ಲ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ 27ನೆಯ ಕಲಂ ಪ್ರವೇಶವನ್ನು ನಿರ್ಬಂಧಿಸುತ್ತದೆ, ಅಧ್ಯಯನ, ಛಾಯಾಗ್ರಹಣ, ಪ್ರವಾಸ ಮುಂತಾದ ಉದ್ದೇಶಗಳಿಗೆ 28ನೆಯ ಕಲಂ ಅಡಿಯಲ್ಲಿ ಪರವಾನಗಿ ಕೊಡುತ್ತಾರೆ. ಬೆಂಕಿ ಹಚ್ಚುವುದು, ಆಯುಧ ತರುವುದು ಅಪರಾಧ. ಮೊದಲು ವಲಯ ಅರಣ್ಯಾಧಿಕಾರಿಯವರ ಕಚೇರಿಗೆ ಒಂದು ಪುಟದ ಮನವಿ ಬರೆಯಿರಿ. ಎಷ್ಟು ಜನ, ಯಾವ ದಿನ, ಯಾರಿಗೆ ಯಾವ ಕೆಲಸ ಬರುತ್ತದೆ ಎಂಬುದು ಅದರಲ್ಲಿರಲಿ. ‘ಕಾಡು ನೋಡಲು’ ಎಂದು ಬರೆಯದೆ ‘ತೊಟ್ಟಿ ಸ್ವಚ್ಛತೆಗೆ’ ಎಂದು ಬರೆದರೆ ಕಾಗದ ಬೇಗ ಓಡುತ್ತದೆ ಎಂಬುದು ನನ್ನ ಅನುಭವ. ಒಣಹುಲ್ಲಿನ ಬಣ್ಣದ ಬಟ್ಟೆ, ಮುಳ್ಳು ತಡೆಯುವ ಬೂಟು, ಒಬ್ಬರಿಗೆ ಮೂರು ಲೀಟರ್ ನೀರು. ಸೆಂಟು ಬೇಡ, ನಾಯಿ ಬೇಡ. ಈ ಸೀಮೆಯಲ್ಲಿ ಕರಡಿಯೂ ಇರುವುದರಿಂದ ಪೊದೆ ದಟ್ಟವಾಗಿರುವಲ್ಲಿ ಸದ್ದಿಲ್ಲದೆ ನಡೆಯುವ ಬದಲು ಮೆಲುದನಿಯಲ್ಲಿ ಮಾತಾಡುತ್ತ ನಡೆಯಿರಿ, ಹತ್ತಿರದಿಂದ ಬೆಚ್ಚಿಬಿದ್ದ ಕರಡಿಯೇ ಮೈಮೇಲೆ ಬರುವುದು. ಸೂರ್ಯ ಗುಡ್ಡಕ್ಕೆ ತಾಗುವ ಮುನ್ನ ಹೊರಗಿರಬೇಕು.

ಮುಂದಿನ ಸರದಿ ಕೆಳಗಿನ ತೊಟ್ಟಿಯದು. ತೆಂಗಿನ ನಾರು ನಾವೇ ತರುತ್ತೇವೆ, ನೀವು ಬರುವಾಗ ಎರಡು ಬಕೆಟ್ಟು ಹಿಡಿದುಕೊಂಡು ಬನ್ನಿ.

[ದೃಶ್ಯ: ತುಂಬಿದ ತೊಟ್ಟಿ. ಮೂಲೆಯಲ್ಲಿ ಕಲ್ಲಿನ ಮೆಟ್ಟಿಲು. ಒಂದು ಪಿಕಳಾರ ಬಂದು ಮೊದಲ ಕಲ್ಲಿನ ಮೇಲೆ ಕೂರುತ್ತದೆ.]