ಅಗಲ ಸಾಲದು, ಅಳತೆ ಬೇಕು

ಎಲ್ಲರಿಗೂ ನಮಸ್ಕಾರ.

ಯಾವ ರಸ್ತೆಯಲ್ಲಾದರೂ ಗಾಡಿಗಳು ನಿಂತುಬಿಟ್ಟರೆ ಮೊದಲು ಕೇಳಿಬರುವ ಮಾತು ಒಂದೇ: ರಸ್ತೆ ಅಗಲ ಮಾಡಿ. ಅಂಗಡಿ ಒಡೆಯಿರಿ, ಮರ ಕಡಿಯಿರಿ, ಫುಟ್‌ಪಾತ್ ಚಿಕ್ಕದು ಮಾಡಿ. ಇವತ್ತು ನಾನು ಇದಕ್ಕೆ ತದ್ವಿರುದ್ಧವಾದ ಮಾತು ಹೇಳಲು ಬಂದಿದ್ದೇನೆ. ಬೆಂಗಳೂರಿನ ಎಷ್ಟೋ ರಸ್ತೆಗಳಿಗೆ ಈಗಿರುವ ಅಗಲ ಸಾಕು. ಆ ಅಗಲ ಉದ್ದಕ್ಕೂ ಒಂದೇ ಸಮ ಇರಬೇಕು, ಅಷ್ಟೇ.

ಬಸ್ಸು ಓಡಾಡುವ ಯಾವುದೇ ಹಳೇ ರಸ್ತೆ ನೋಡಿ. ಸಿಗ್ನಲ್ ಹತ್ತಿರ ನಾಲ್ಕು ಗಾಡಿ ಪಕ್ಕಪಕ್ಕ ನಿಲ್ಲುತ್ತವೆ. ಸ್ವಲ್ಪ ಮುಂದೆ ಟ್ರಾನ್ಸ್‌ಫಾರ್ಮರ್ ಬಂತು, ಮೂರಾಯಿತು. ಬೇಕರಿ ಮುಂದೆ ಸ್ಕೂಟರ್ ಸಾಲು, ಎರಡಾಯಿತು. ಆಮೇಲೆ ಮತ್ತೆ ನಾಲ್ಕು. ನಾಲ್ಕು ಸಾಲು ಎರಡಕ್ಕೆ ನುಗ್ಗುವ ಜಾಗದಲ್ಲೇ ಹಾರ್ನ್, ಬೈಗುಳ, ಕನ್ನಡಿಗೆ ಕನ್ನಡಿ ತಗುಲುವುದು. ಆ ರಸ್ತೆಯಲ್ಲಿ ಗಂಟೆಗೆ ಎಷ್ಟು ಗಾಡಿ ದಾಟಬಹುದು ಅನ್ನುವುದನ್ನು ತೀರ್ಮಾನಿಸುವುದು ಆ ಇಕ್ಕಟ್ಟಿನ ಜಾಗ. ಉಳಿದ ಕಡೆ ಇರುವ ಅಗಲವೆಲ್ಲ ಸುಮ್ನೆ ದಂಡ.

ಈ ಲೆಕ್ಕವನ್ನು ಹಿಡಿದುಕೊಂಡೇ ನಮ್ಮ ಊರಿನಲ್ಲಿ ಟೆಂಡರ್‌ಶ್ಯೂರ್ ಅನ್ನುವ ಯೋಜನೆಯ ರಸ್ತೆಗಳು ಬಂದವು. 2015ರ ಆಸುಪಾಸಿನಲ್ಲಿ ವಿಠಲ್ ಮಲ್ಯ ರಸ್ತೆ, ಸೇಂಟ್ ಮಾರ್ಕ್ಸ್ ರಸ್ತೆ, ರೆಸಿಡೆನ್ಸಿ ರಸ್ತೆಗಳಲ್ಲಿ ಈ ಕೆಲಸ ನಡೆದಾಗ ಎಷ್ಟು ಗಲಾಟೆಯಾಯಿತು, ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. 'ಇಷ್ಟು ದೊಡ್ಡ ಫುಟ್‌ಪಾತ್ ಯಾಕೆ, ಗಾಡಿ ಎಲ್ಲಿ ಓಡಿಸೋದು?' ಅಂತ ಕೇಳಿದವರು ತುಂಬಾ ಜನ. ಅಲ್ಲಿ ಮಾಡಿದ್ದು ಇಷ್ಟು: ಗಾಡಿಗಳ ಸಾಲಿಗೆ ಈ ತುದಿಯಿಂದ ಆ ತುದಿವರೆಗೆ ಒಂದೇ ಅಳತೆ ಕೊಟ್ಟರು. ಮಿಕ್ಕ ಜಾಗವನ್ನು ಫುಟ್‌ಪಾತಿಗೆ, ಮರಕ್ಕೆ, ಪಾರ್ಕಿಂಗಿಗೆ ಹಂಚಿದರು.

ನನ್ನ ಪ್ರಕಾರ ಅದಕ್ಕಿಂತ ದೊಡ್ಡ ಕೆಲಸ ನಡೆದದ್ದು ನೆಲದಡಿಯಲ್ಲಿ. ಹೊಸ ಟಾರ್ ಹಾಕಿದ ತಿಂಗಳಿಗೆ ಯಾರೋ ಬಂದು ಅಗೆಯುತ್ತಾರೆ, ಅಲ್ವಾ? ಇವತ್ತು ಜಲಮಂಡಳಿ, ನಾಳೆ ಬೆಸ್ಕಾಂ, ನಾಡಿದ್ದು ಕೇಬಲ್ ಕಂಪನಿ. ಇದರಲ್ಲಿ ಅವರೊಬ್ಬರದೇ ತಪ್ಪಿಲ್ಲ. ಪೈಪು, ಕೇಬಲ್ಲು ಎಲ್ಲ ಎಲ್ಲೆಲ್ಲೋ ಹೂತಿವೆ. ರಿಪೇರಿ ಅಂದರೆ ಅಗೆಯದೆ ಬೇರೆ ದಾರಿಯೇ ಇಲ್ಲ. ಟೆಂಡರ್‌ಶ್ಯೂರ್‌ನಲ್ಲಿ ಮೊದಲೇ ಇವಕ್ಕೆಲ್ಲ ಬೇರೆ ಬೇರೆ ಕೊಳವೆ ಹಾಕಿ, ಆದಷ್ಟೂ ಫುಟ್‌ಪಾತ್ ಕೆಳಗೆ ತಂದು, ಅಲ್ಲಲ್ಲಿ ಮುಚ್ಚಳವಿರುವ ಚೇಂಬರ್ ಇಟ್ಟರು. ಮುಚ್ಚಳ ತೆಗೆದು ಕೇಬಲ್ ಎಳೆಯಬಹುದು, ಟಾರ್ ಮುಟ್ಟಬೇಕಾಗಿಲ್ಲ. ಬರೀ ಟಾರ್ ಹಾಕುವುದಕ್ಕೆ ಹೋಲಿಸಿದರೆ ಇದಕ್ಕೆ ದುಡ್ಡು ಜಾಸ್ತಿ, ಹೌದು. ಆದರೆ ಪದೇ ಪದೇ ಅಗೆದು ಮುಚ್ಚುವುದಕ್ಕೂ ನಮ್ಮದೇ ದುಡ್ಡು ಹೋಗುತ್ತದೆ.

ಈಗ ನಡೆಯುವವರ ವಿಷಯಕ್ಕೆ ಬರೋಣ. 2022ರಲ್ಲಿ ಇಡೀ ದೇಶದಲ್ಲಿ ರಸ್ತೆ ಅಪಘಾತಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ 32,825 ಮಂದಿ ಪಾದಚಾರಿಗಳು. ಇದು ಕೇಂದ್ರ ಸರ್ಕಾರವೇ ಪ್ರಕಟಿಸಿದ ಲೆಕ್ಕ. 'ಫುಟ್‌ಪಾತ್ ಇದ್ದರೂ ಜನ ರಸ್ತೆ ಮೇಲೇ ನಡೆಯುತ್ತಾರೆ' ಅಂತ ಬೇಸರಪಡುವವರನ್ನು ನಾನು ಕೈಮುಗಿದು ಕೇಳಿಕೊಳ್ಳುತ್ತೇನೆ: ಒಮ್ಮೆ ನಿಮ್ಮ ತಾಯಿಯ ಜೊತೆ ಆ ಫುಟ್‌ಪಾತ್ ಮೇಲೆ ನಡೆದು ನೋಡಿ. ಒಂದು ಅಡಿಗೂ ಎತ್ತರದ ಅಂಚು, ಮೊಣಕಾಲು ನೋಯುವವರು ಹತ್ತುವುದು ಹೇಗೆ? ಹತ್ತು ಹೆಜ್ಜೆ ಹಾಕಿದರೆ ಯಾರದೋ ಗೇಟು, ಕಾರು ಒಳಗೆ ಹೋಗಲೆಂದು ಇಳಿಜಾರು. ಇಳಿಯಬೇಕು, ಮತ್ತೆ ಹತ್ತಬೇಕು. ಮುಂದೆ ಮೋರಿ ಮೇಲೆ ಹಾಕಿದ ಚಪ್ಪಡಿ, ಒಂದು ಮೂಲೆ ತುಳಿದರೆ ಇನ್ನೊಂದು ಮೂಲೆ ಏಳುತ್ತದೆ. ಅದನ್ನು ದಾಟಿದರೆ ಕಂಬ. ದೇಶದ ರಸ್ತೆಗಳಿಗೆ ಅಳತೆ, ಮಾನದಂಡ ಬರೆಯುವ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್. ಅದರ ನಿಯಮದಲ್ಲಿ ಅಂಚು 150 ಮಿಲಿಮೀಟರ್ ಮೀರಬಾರದು, ಅಡೆತಡೆಯಿಲ್ಲದ ಜಾಗ ಕನಿಷ್ಠ 1.8 ಮೀಟರ್ ಇರಬೇಕು ಅಂತಿದೆ. ಎರಡು ಗಾಲಿಕುರ್ಚಿಗಳು ಎದುರುಬದುರಾದರೂ ದಾಟಿಕೊಂಡು ಹೋಗುವಷ್ಟು ಜಾಗ ಅದು. ಗೇಟಿನ ಮುಂದೆ ಫುಟ್‌ಪಾತ್ ಇಳಿಯಬೇಕಾಗಿಲ್ಲ, ಕಾರೇ ಹತ್ತಿ ಇಳಿಯಲಿ. ಇಂಜಿನ್ ಇರುವುದು ಅದಕ್ಕೆ ತಾನೇ?

ರಸ್ತೆ ದಾಟುವುದು ಇನ್ನೂ ಕಷ್ಟ. ನಾಲ್ಕು ಸಾಲಿನ ರಸ್ತೆ ಸುಮಾರು 14 ಮೀಟರ್ ಅಂತ ಇಟ್ಟುಕೊಳ್ಳಿ. ಸಿಗ್ನಲ್ ಲೆಕ್ಕ ಹಾಕುವವರು ಸಾಮಾನ್ಯವಾಗಿ ಮನುಷ್ಯ ಸೆಕೆಂಡಿಗೆ 1.2 ಮೀಟರ್ ನಡೆಯುತ್ತಾನೆ ಅಂದುಕೊಳ್ಳುತ್ತಾರೆ. ಅಂದರೆ 12 ಸೆಕೆಂಡು. ಕೋಲು ಹಿಡಿದ ಅಜ್ಜಿ 0.8 ಮೀಟರ್ ನಡೆದರೆ ಅವರಿಗೆ 17 ಸೆಕೆಂಡಿಗೂ ಜಾಸ್ತಿ ಬೇಕು. ಹಸಿರು ಆರಿದಾಗ ಅವರು ಇನ್ನೂ ಮೂರನೇ ಸಾಲಿನಲ್ಲಿರುತ್ತಾರೆ. ಆಗ 50 ಕಿಲೋಮೀಟರ್ ವೇಗದಲ್ಲಿ ಒಂದು ಗಾಡಿ ಬಂದರೆ? ಓಡಿಸುವವನು ನೋಡಿ ಬ್ರೇಕ್ ಒತ್ತುವಷ್ಟರಲ್ಲಿ, ಬರೀ ಒಂದು ಸೆಕೆಂಡಿನಲ್ಲಿ, ಗಾಡಿ 14 ಮೀಟರ್ ಮುಂದೆ ಬಂದಿರುತ್ತದೆ. ವೇಗ 30 ಇದ್ದರೆ 8 ಮೀಟರ್. ಆ ಆರು ಮೀಟರಿನಲ್ಲಿ ಒಂದು ಜೀವ ಉಳಿಯಬಹುದು. ಸರಾಸರಿ ವೇಗ ಶೇ 1ರಷ್ಟು ಏರಿದರೆ ಸಾವಿಗೆ ಕಾರಣವಾಗುವ ಅಪಘಾತದ ಅಪಾಯ ಶೇ 4ರಷ್ಟು ಏರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದಕ್ಕೇ ದಾಟುವ ಜಾಗವನ್ನು ಫುಟ್‌ಪಾತಿನ ಮಟ್ಟಕ್ಕೆ ಎತ್ತರಿಸಬೇಕು. ನಡುವೆ ನಿಂತು ಸುಧಾರಿಸಿಕೊಳ್ಳಲು ಜಾಗ ಬಿಡಬೇಕು. ಎಡಕ್ಕೆ ತಿರುಗುವ ಮೂಲೆಯನ್ನು ಚಿಕ್ಕದು ಮಾಡಬೇಕು. ಮೂಲೆ ದೊಡ್ಡ ಕಮಾನಿನಂತಿದ್ದರೆ ಯಾರೂ ಬ್ರೇಕ್ ಮುಟ್ಟುವುದಿಲ್ಲ.

ಇದರಿಂದ ಸಂಚಾರ ನಿಧಾನವಾಗುವುದಿಲ್ಲವೇ ಅಂತ ನೀವು ಕೇಳುತ್ತೀರಿ. ನಮ್ಮ ಹೊತ್ತು ಹೋಗುವುದು ಸಿಗ್ನಲ್ಲಿನಲ್ಲಿ, ಇಕ್ಕಟ್ಟಿನಲ್ಲಿ, ಅಡ್ಡ ನಿಂತ ಗಾಡಿಗಳ ಹಿಂದೆ. ನಡುವೆ ಸಿಗುವ ನೂರು ಮೀಟರಿನಲ್ಲಿ 50ರಲ್ಲಿ ಹೋದರೂ ಮುಂದಿನ ಸಿಗ್ನಲ್ಲಿನಲ್ಲಿ ಕಾಯುವುದೇ. ಜೊತೆಗೆ, ಗಾಡಿ ಎಣಿಸುವ ಬದಲು ಜನರನ್ನು ಎಣಿಸಿ. ಎರಡು ಮೂರು ಕಾರಿನ ಜಾಗದಲ್ಲಿ ಒಂದು ಬಿಎಂಟಿಸಿ ಬಸ್ಸು ಅರವತ್ತು ಜನರನ್ನು ಹೊತ್ತು ಹೋಗುತ್ತದೆ. 2019ರಲ್ಲಿ ಹೊರ ವರ್ತುಲ ರಸ್ತೆಯಲ್ಲಿ ಬಸ್ಸಿಗೇ ಒಂದು ಸಾಲು ಬಿಟ್ಟುಕೊಟ್ಟರು. ಆಮೇಲೆ ಮೆಟ್ರೋ ಕಾಮಗಾರಿ ಬಂತು, ಆ ಸಾಲು ಹೋಯಿತು. ಅದು ವಾಪಸ್ ಬರಲೇಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಚರ್ಚ್ ಸ್ಟ್ರೀಟ್ ಬಗ್ಗೆ ಒಂದು ಮಾತು. 2018ರಲ್ಲಿ ಕಲ್ಲು ಹಾಸಿದ ಹೊಸ ರೂಪದಲ್ಲಿ ಅದು ತೆರೆದುಕೊಂಡಿತು. 2020ರ ಕೊನೆಯಲ್ಲಿ ವಾರಾಂತ್ಯಕ್ಕೆ ಗಾಡಿಗಳನ್ನು ಬಿಡದೆ ನೋಡಿದರು, ಜನ ಬಂದು ತುಂಬಿದರು. ಆದರೆ ಕೆಲವೇ ವರ್ಷಗಳಲ್ಲಿ ಕಲ್ಲುಗಳು ಸಡಿಲವಾದವು, ಫುಟ್‌ಪಾತ್ ಮೇಲೆ ಬೈಕು ಹತ್ತಿದವು. ಕಟ್ಟುವ ಟೆಂಡರಿನಲ್ಲೇ ನೋಡಿಕೊಳ್ಳುವ ಹಣವನ್ನೂ ಬರೆದಿಡದಿದ್ದರೆ ಎಷ್ಟು ಚಂದದ ರಸ್ತೆಯೂ ಹೀಗೇ ಆಗುತ್ತದೆ.

ಇನ್ನು ಹೂವು, ಎಳನೀರು, ಸೊಪ್ಪು ಮಾರುವವರು. ಅವರನ್ನು ಎಬ್ಬಿಸಿದರೆ ಫುಟ್‌ಪಾತ್ ಸುಧಾರಿಸುತ್ತದೆ ಅಂದುಕೊಳ್ಳಬೇಡಿ. ರಾತ್ರಿ ಒಂಬತ್ತಕ್ಕೆ ಬಸ್ಸಿಳಿದು ನಡೆಯುವ ಹೆಣ್ಣುಮಗಳಿಗೆ ಆ ಗಾಡಿಯ ದೀಪವೇ ಧೈರ್ಯ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಅವರಿಗೆ ಹಕ್ಕು ಕೊಟ್ಟಿದೆ. ನಕ್ಷೆಯಲ್ಲೇ ಅವರ ಜಾಗ ಗುರುತಿಸಿದರೆ ನಡೆಯುವವರಿಗೂ ದಾರಿ ಉಳಿಯುತ್ತದೆ.

ನಿಮ್ಮ ರಸ್ತೆಗೆ ಕೆಲಸ ಮಂಜೂರಾಯಿತು ಅಂತ ಗೊತ್ತಾದ ದಿನವೇ ಪಾಲಿಕೆ ಕಚೇರಿಗೆ ಹೋಗಿ ಅಡ್ಡಸೀಳಿಕೆ ನಕ್ಷೆ ಕೇಳಿ, ಅಂದರೆ ಈ ಕಾಂಪೌಂಡಿನಿಂದ ಆ ಕಾಂಪೌಂಡಿನವರೆಗೆ ಯಾವುದಕ್ಕೆ ಎಷ್ಟು ಜಾಗ ಅನ್ನುವ ಚಿತ್ರ. ಫುಟ್‌ಪಾತಿನ ಅಗಲ, ಅಂಚಿನ ಎತ್ತರ, ದಾಟುವ ಜಾಗ, ಬಸ್ ನಿಲ್ದಾಣ, ಕೊಳವೆಗಳು ಎಲ್ಲ ಅದರಲ್ಲಿ ಕಾಣಬೇಕು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 198ಎ ಅನ್ನುವ ಸೆಕ್ಷನ್ ಸೇರಿದೆ. ರಸ್ತೆಯ ವಿನ್ಯಾಸ, ಕಾಮಗಾರಿ ಅಥವಾ ನಿರ್ವಹಣೆಯಲ್ಲಿ ನಿಯಮ ಮೀರಿ ಅದರಿಂದ ಸಾವು ಅಥವಾ ಅಂಗವೈಕಲ್ಯ ಆದರೆ, ಹೊಣೆ ಹೊತ್ತವರಿಗೆ ಒಂದು ಲಕ್ಷ ರೂಪಾಯಿವರೆಗೆ ದಂಡ. ನಿಮ್ಮ ಅರ್ಜಿಯಲ್ಲಿ ಆ ಸೆಕ್ಷನ್ ನಮೂದಿಸಿ, ಸ್ವೀಕೃತಿ ಮುದ್ರೆ ಹಾಕಿಸಿಕೊಂಡೇ ಬನ್ನಿ. ಟೆಂಡರ್ ಕರೆಯುವ ಮೊದಲು ನಕ್ಷೆ ತಿದ್ದುವುದು ಸುಲಭ. ಕಾಂಕ್ರೀಟ್ ಬಿದ್ದ ಮೇಲೆ ಯಾರೂ ಮುಟ್ಟುವುದಿಲ್ಲ.