ಹೆದರಿಸಿ ಮಾರುವ ಆಂಟಿವೈರಸ್

ಕೇಳುಗರೇ, ನಮಸ್ಕಾರ.

ಕಂಪ್ಯೂಟರ್ ಮುಂದೆ ಕೂತು ಏನೋ ಓದುತ್ತಿದ್ದೀರಿ ಎಂದುಕೊಳ್ಳಿ. ಇದ್ದಕ್ಕಿದ್ದಂತೆ ಪರದೆಯ ಮೇಲೆ ಹೊಸದೊಂದು ಕಿಟಕಿ ತೆರೆದುಕೊಳ್ಳುತ್ತದೆ. ಕೆಂಪು ಅಕ್ಷರ, ಗುರಾಣಿಯ ಚಿತ್ರ, ‘ನಿಮ್ಮ ಕಂಪ್ಯೂಟರ್ ಅಪಾಯದಲ್ಲಿದೆ’ ಎಂಬ ಸಾಲು. ಅದರ ಕೆಳಗೆ ಹಸಿರು ಪಟ್ಟಿಯೊಂದು ಸರಸರನೆ ಮುಂದಕ್ಕೆ ಸಾಗುತ್ತದೆ, ಫೈಲುಗಳ ಹೆಸರು ಒಂದರ ಹಿಂದೊಂದು ಓಡುತ್ತವೆ. ಅರ್ಧ ನಿಮಿಷ ಕಳೆಯುವಷ್ಟರಲ್ಲಿ 38 ವೈರಸ್ ಪತ್ತೆ! ‘ಈಗಲೇ ತೆಗೆದುಹಾಕಿ’ ಅನ್ನುವ ಬಟನ್ ಒತ್ತಿದರೆ ಒಂದು ಪ್ರೋಗ್ರಾಂ ಬಂದು ಕೂರುತ್ತದೆ. ಅದು ಮತ್ತೊಂದಷ್ಟು ವೈರಸ್ ಹುಡುಕಿ ತೋರಿಸಿ, ಇವನ್ನು ತೆಗೆಯಬೇಕಾದರೆ ದುಡ್ಡು ಕಟ್ಟಿ ಅನ್ನುತ್ತದೆ.

ಈ 38 ಎಲ್ಲಿಂದ ಬಂತು? ನಿಮ್ಮ ಕಂಪ್ಯೂಟರಿನಿಂದಂತೂ ಅಲ್ಲ. ನಿಮ್ಮ ಡಿಸ್ಕಿನಲ್ಲಿ ಏನೇನಿದೆ ಎಂದು ನೋಡಲು ವೆಬ್ ಪುಟಕ್ಕೆ ಬ್ರೌಸರ್ ಬಿಡುವುದಿಲ್ಲ. ನೀವಾಗಿ ಫೈಲೊಂದನ್ನು ಆರಿಸಿ ಕೊಟ್ಟರೆ ಅದು ಮಾತ್ರ ಪುಟಕ್ಕೆ ಸಿಗುತ್ತದೆ. ಹೀಗಿರುವಾಗ ಒಂದು ಪುಟ ನಿಮ್ಮ ಕಂಪ್ಯೂಟರನ್ನೆಲ್ಲ ಜಾಲಾಡಿ ವೈರಸ್ ಎಣಿಸಿತು ಎನ್ನುವುದು, ಬೀಗ ಹಾಕಿದ ಬಾಗಿಲಾಚೆ ನಿಂತವನು ನಿಮ್ಮ ಅಕ್ಕಿ ಡಬ್ಬದಲ್ಲಿ ಎಷ್ಟು ಹುಳ ಇವೆ ಎಂದು ಲೆಕ್ಕ ಒಪ್ಪಿಸಿದ ಹಾಗೆ. ಓಡುವ ಹಸಿರು ಪಟ್ಟಿ ಬರೀ ಚಿತ್ರ. ಫೈಲುಗಳ ಹೆಸರು ಮೊದಲೇ ಬರೆದಿಟ್ಟವು. ಕೆಲವೊಮ್ಮೆ ಆ ಕಿಟಕಿಯ ಮೂಲೆಯಲ್ಲಿರುವ ಮುಚ್ಚುವ ಗುರುತೂ ಚಿತ್ರದ್ದೇ ಭಾಗ. ಅದನ್ನು ಒತ್ತಿದರೂ ಡೌನ್‌ಲೋಡ್ ಶುರುವಾಗುತ್ತದೆ, ‘ಬೇಡ’ ಎಂದು ಒತ್ತಿದರೂ ಶುರುವಾಗುತ್ತದೆ.

ಒಂದು ಕಾಲಕ್ಕೆ ಈ ನಾಟಕದಲ್ಲಿ ತಮಾಷೆಯೂ ಇತ್ತು. ವಿಂಡೋಸ್ ಬಿಟ್ಟು ಮ್ಯಾಕ್, ಲಿನಕ್ಸ್ ಬಳಸುವವರ ಪರದೆಯಲ್ಲೂ ವಿಂಡೋಸ್ ಎಕ್ಸ್‌ಪಿಯ ‘ಮೈ ಕಂಪ್ಯೂಟರ್’ ಕಿಟಕಿ ತೆರೆದುಕೊಂಡು, ಇಲ್ಲದ ಸಿ ಡ್ರೈವಿನಲ್ಲಿ ವೈರಸ್ ಹುಡುಕಿ ಕೊಡುತ್ತಿತ್ತು. ಅವರೆಲ್ಲ ನಕ್ಕು ಸುಮ್ಮನಾದರು. 2011ರ ಮೇ ತಿಂಗಳಲ್ಲಿ ‘ಮ್ಯಾಕ್ ಡಿಫೆಂಡರ್’ ಅನ್ನುವ ನಕಲಿ ಆಂಟಿವೈರಸ್ ಬಂದಾಗ ಮ್ಯಾಕ್‌ನವರ ನಗು ನಿಂತಿತು. ಅದನ್ನು ಗುರುತಿಸಿ ಕಿತ್ತುಹಾಕಲು ಆಪಲ್ ಅಪ್‌ಡೇಟ್ ಕೊಡಬೇಕಾಯಿತು.

ಇಂಥದ್ದಕ್ಕೆ ದುಡ್ಡು ಕಟ್ಟುವವರು ದಡ್ಡರು ಎಂಬ ಮಾತು ಆಗಾಗ ಕಿವಿಗೆ ಬೀಳುತ್ತದೆ. ನಾನದನ್ನು ಒಪ್ಪುವುದಿಲ್ಲ. ಕಂಪ್ಯೂಟರ್ ಏನಾದರೆ ನನಗೇನು ಅನ್ನುವ ಉಡಾಫೆಯವನು ಕಿಟಕಿ ಮುಚ್ಚಿ ತನ್ನ ಪಾಡಿಗೆ ತಾನಿರುತ್ತಾನೆ. ಸಿಕ್ಕಿಬೀಳುವುದು ಹೆಚ್ಚಾಗಿ ಜಾಗ್ರತೆಯ ಮನುಷ್ಯ. ವೈರಸ್ ಬಂದರೆ ಅಪಾಯ, ರಕ್ಷಣೆ ಇರಬೇಕು, ಎಚ್ಚರಿಕೆ ಬಂದಾಗ ತಡಮಾಡಬಾರದು ಎಂಬುದನ್ನೆಲ್ಲ ಕೇಳಿಸಿಕೊಂಡು ಮನಸ್ಸಿಗೆ ತಂದುಕೊಂಡವರು ಇವರು. ವರ್ಷಗಟ್ಟಲೆ ಜನರಿಗೆ ಹೇಳಿಕೊಟ್ಟ ಈ ಪಾಠವನ್ನೇ ವಂಚಕರು ಬಂಡವಾಳ ಮಾಡಿಕೊಂಡರು.

ಸಂಶಯದ ಸೈಟುಗಳಿಗೆ ಹೋಗದಿದ್ದರಾಯಿತು ಅನ್ನುತ್ತೀರೇನೋ. 2009ರ ಸೆಪ್ಟೆಂಬರಿನಲ್ಲಿ ಇದೇ ನಕಲಿ ಎಚ್ಚರಿಕೆ ಕಾಣಿಸಿಕೊಂಡದ್ದು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ವೆಬ್‌ಸೈಟಿನಲ್ಲಿ. ಯಾರೋ ಹೆಸರುವಾಸಿ ಕಂಪನಿಯೊಂದರ ಹೆಸರು ಹೇಳಿಕೊಂಡು ಜಾಹೀರಾತಿನ ಜಾಗ ಕೊಂಡರು, ಮೊದಮೊದಲು ಸರಿಯಾದ ಜಾಹೀರಾತನ್ನೇ ಹಾಕಿದರು, ಶನಿವಾರ ಭಾನುವಾರ ಬರುತ್ತಲೇ ಅದನ್ನು ಬದಲಿಸಿದರು. ಓದುಗರು ಮಾಡಿದ ತಪ್ಪು ಅಂದರೆ ಸುದ್ದಿ ಓದಿದ್ದು!

ಈ ದಂಧೆ ಎಷ್ಟು ದೊಡ್ಡದಾಗಿತ್ತು ಎಂಬುದು ಅಮೆರಿಕದ ಒಂದು ಮೊಕದ್ದಮೆಯಿಂದ ತಿಳಿಯುತ್ತದೆ. 2008ರ ಡಿಸೆಂಬರಿನಲ್ಲಿ ಅಲ್ಲಿ ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆಯಾದ ಫೆಡರಲ್ ಟ್ರೇಡ್ ಕಮಿಷನ್, ಇನ್ನೊವೇಟಿವ್ ಮಾರ್ಕೆಟಿಂಗ್ ಎಂಬ ಕಂಪನಿಯ ಮೇಲೆ ಕೋರ್ಟಿಗೆ ಹೋಯಿತು. ವಿನ್‌ಫಿಕ್ಸರ್, ವಿನ್‌ಆಂಟಿವೈರಸ್, ಡ್ರೈವ್‌ಕ್ಲೀನರ್, ಎರರ್‌ಸೇಫ್, ಎಕ್ಸ್‌ಪಿ ಆಂಟಿವೈರಸ್ ಎಲ್ಲವೂ ಇವರ ಸರಕೇ. 10 ಲಕ್ಷಕ್ಕೂ ಹೆಚ್ಚು ಜನ ಮೋಸ ಹೋಗಿದ್ದಾರೆ ಎಂದು ಕಮಿಷನ್ ಹೇಳಿತು. 2012ರಲ್ಲಿ ಕೋರ್ಟು ವಿಧಿಸಿದ ಮೊತ್ತ 16.3 ಕೋಟಿ ಡಾಲರ್. ಈ ವ್ಯವಹಾರಕ್ಕೆ ಕಾಲ್ ಸೆಂಟರ್ ಬೇರೆ ಇತ್ತು. ಸಿಟ್ಟಾಗಿ ಫೋನ್ ಮಾಡಿದವರನ್ನು ಸಮಾಧಾನಪಡಿಸುವುದು, ಜಗ್ಗದವರಿಗೆ ದುಡ್ಡು ವಾಪಸ್ ಕೊಟ್ಟುಬಿಡುವುದು ಅಲ್ಲಿಯ ಕೆಲಸ. ಇದರಲ್ಲಿ ಧರ್ಮಬುದ್ಧಿಯೇನೂ ಇಲ್ಲ. ಕ್ರೆಡಿಟ್ ಕಾರ್ಡ್ ಕಂಪನಿಗೆ ದೂರುಗಳು ಜಾಸ್ತಿ ಹೋದರೆ ಹಣ ಬರುವ ದಾರಿಯೇ ಮುಚ್ಚಿಹೋಗುತ್ತದಲ್ಲ!

ಸಾಂಟಾ ಬಾರ್ಬರಾದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರಿಗೆ ಇಂಥ ಮೂರು ತಂಡಗಳ ಸರ್ವರ್‌ಗಳಲ್ಲಿದ್ದ ಲೆಕ್ಕಪತ್ರವೇ ಸಿಕ್ಕಿತ್ತು. 2011ರಲ್ಲಿ ಅವರು ಪ್ರಕಟಿಸಿದ ಪ್ರಕಾರ ಮೂರೂ ತಂಡಗಳು ಸೇರಿ ಗಳಿಸಿದ್ದು 13 ಕೋಟಿ ಡಾಲರ್‌ಗೂ ಹೆಚ್ಚು. ಪ್ರೋಗ್ರಾಂ ಹೊಕ್ಕ ಪ್ರತಿ 100 ಕಂಪ್ಯೂಟರುಗಳಲ್ಲಿ ದುಡ್ಡು ಬಂದದ್ದು ಹೆಚ್ಚುಕಡಿಮೆ ಎರಡರಿಂದ ಮಾತ್ರ. ಅಷ್ಟು ಸಾಕಾಯಿತು.

ದುಡ್ಡು ಕಟ್ಟಿದ ಮೇಲೆ ಏನಾಗುತ್ತಿತ್ತು ಗೊತ್ತೇ? ಒಂದು ಕೋಡ್ ಬರುತ್ತಿತ್ತು. ಅದನ್ನು ಹಾಕಿದೊಡನೆ ಎಚ್ಚರಿಕೆಗಳೆಲ್ಲ ಮಾಯ. ಇಲ್ಲದ ವೈರಸ್‌ಗಳು ಒಂದೇ ಏಟಿಗೆ ಹೋದವು. ಅಷ್ಟು ಹೊತ್ತು ಯಾವ ಪ್ರೋಗ್ರಾಂ ತೆರೆಯಲು ಹೋದರೂ ‘ಇದಕ್ಕೆ ವೈರಸ್ ತಗುಲಿದೆ’ ಎಂದು ಅಡ್ಡ ನಿಂತು, ನಡೆಯುತ್ತಿರುವ ಪ್ರೋಗ್ರಾಂ ನಿಲ್ಲಿಸಲು ಬಳಸುವ ಟಾಸ್ಕ್ ಮ್ಯಾನೇಜರನ್ನೂ ತೆರೆಯಗೊಡದೆ ಕಾಡಿದ್ದು ಈಗ ತೆಪ್ಪಗಾಯಿತು. ಕೊಂಡವನಿಗೆ ನಿಜಕ್ಕೂ ನೆಮ್ಮದಿ. ಕೊಟ್ಟ ದುಡ್ಡಿಗೆ ಕೆಲಸ ಆಯಿತಲ್ಲ ಎಂದುಕೊಂಡವನು ದೂರು ಕೊಡುವುದಾದರೂ ಏಕೆ? ನನ್ನನ್ನು ಕೇಳಿದರೆ, ಈ ವಂಚನೆ ಅಷ್ಟು ಕಾಲ ಬಾಳಿದ್ದು ಹೆದರಿಸುವ ಬಲದಿಂದ ಎಷ್ಟೋ, ಈ ನೆಮ್ಮದಿಯಿಂದಲೂ ಅಷ್ಟೇ.

ಕಳ್ಳರ ತಂಡಗಳು ಮಾತ್ರ ಹೀಗೆ ಮಾಡಿದವು ಎನ್ನುವ ಹಾಗೂ ಇಲ್ಲ. ಆಫೀಸ್ ಡಿಪೋ ಎನ್ನುವ ದೊಡ್ಡ ಅಂಗಡಿ ಸರಣಿ, ಅದಕ್ಕೆ ಸಾಫ್ಟ್‌ವೇರ್ ಒದಗಿಸಿದ ಸಪೋರ್ಟ್ ಡಾಟ್ ಕಾಮ್, ಎರಡೂ ಸೇರಿ 2019ರಲ್ಲಿ 3.5 ಕೋಟಿ ಡಾಲರ್ ಕಟ್ಟಿ ಇದೇ ಕಮಿಷನ್ ಜೊತೆ ರಾಜಿ ಮಾಡಿಕೊಂಡವು. ಕಮಿಷನ್ ಬಿಡಿಸಿಟ್ಟ ವಿವರ ಹೀಗಿದೆ. ‘ಕಂಪ್ಯೂಟರ್ ನಿಧಾನವಾಗಿದೆಯೇ? ವೈರಸ್ ಎಚ್ಚರಿಕೆ ಬರುತ್ತಿದೆಯೇ?’ ಎಂಬಂಥ ನಾಲ್ಕು ಪ್ರಶ್ನೆ ಮೊದಲಿಗೆ. ಆಮೇಲೆ ಪರೀಕ್ಷೆ ನಡೆದಂತೆ ತೋರುತ್ತಿತ್ತು. ನಾಲ್ಕರಲ್ಲಿ ಒಂದಕ್ಕೆ ಟಿಕ್ ಹಾಕಿದರೂ ಸಾಕು, ಕೊನೆಗೆ ವೈರಸ್ ಲಕ್ಷಣ ಇದೆ ಎಂಬ ಉತ್ತರವೇ. ನಡುವಿನ ಪರೀಕ್ಷೆಗೂ ಆ ಉತ್ತರಕ್ಕೂ ಸಂಬಂಧವೇ ಇರಲಿಲ್ಲ.

ಈಗ ವೇಷ ಬದಲಾಗಿದೆ. ಪರದೆ ಪೂರ್ತಿ ಆವರಿಸುವ ಎಚ್ಚರಿಕೆ, ಜೋರು ಸೈರನ್, ನಡುವೆ ಒಂದು ಫೋನ್ ನಂಬರ್. ಆ ನಂಬರೇ ಗುರುತು: ತನ್ನ ಎಚ್ಚರಿಕೆಗಳಲ್ಲಿ ಫೋನ್ ನಂಬರ್ ಇರುವುದೇ ಇಲ್ಲ ಎಂದು ಮೈಕ್ರೋಸಾಫ್ಟ್ ಸ್ಪಷ್ಟವಾಗಿ ಹೇಳಿದೆ. ಫೋನ್ ಮಾಡಿದರೆ ಬಲು ಸೌಜನ್ಯದ ದನಿ. ದೂರದಿಂದ ಕಂಪ್ಯೂಟರ್ ನಡೆಸುವ ಒಂದು ಪ್ರೋಗ್ರಾಂ ಹಾಕಿಸಿಕೊಂಡು, ಆತ ಕಂಪ್ಯೂಟರಿನ ಆಗುಹೋಗುಗಳ ದಾಖಲೆ ತೋರಿಸುವ ವಿಂಡೋಸ್‌ನದೇ ‘ಈವೆಂಟ್ ವ್ಯೂವರ್’ ತೆರೆದು ಸಾಲು ಸಾಲು ಕೆಂಪು ಗುರುತು ತೋರಿಸುತ್ತಾನೆ. ಏನೂ ಆಗದ ಕಂಪ್ಯೂಟರಿನಲ್ಲೂ ಅಂಥ ಗುರುತುಗಳು ರಾಶಿ ರಾಶಿ ಇರುತ್ತವೆ. ಹಿನ್ನೆಲೆಯಲ್ಲಿ ನಡೆಯುವ ಯಾವುದೋ ಪ್ರೋಗ್ರಾಂ ಶುರುವಾಗಲು ತಡವಾದರೂ ಒಂದು ದಾಖಲಾಗುತ್ತದೆ. ಇನ್ನು ಕೆಲವರು ಕಪ್ಪು ಕಮಾಂಡ್ ಕಿಟಕಿಯಲ್ಲಿ ಫೋಲ್ಡರುಗಳ ಹೆಸರನ್ನೆಲ್ಲ ಓಡಿಸಿ, ಕಡೆಯ ಸಾಲಿನಲ್ಲಿ ‘ವೈರಸ್ ಪತ್ತೆಯಾಗಿದೆ’ ಎಂದು ತಾವೇ ಟೈಪ್ ಮಾಡುತ್ತಾರೆ. ಅದನ್ನು ಹೇಳಿದ್ದು ಯಂತ್ರವೇ ಎಂದು ನೋಡುವವರು ನಂಬುತ್ತಾರೆ.

ಅಂಥ ಪರದೆ ಬಂದರೆ ಅದರೊಳಗಿನ ಯಾವ ಬಟನ್ನಿಗೂ ಕೈ ಹಾಕಬೇಡಿ. ಪರದೆ ಪೂರ್ತಿ ತುಂಬಿದ್ದರೆ ಎಸ್ಕೇಪ್ ಕೀಲಿಯನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿಯಿರಿ. ಆಗಲೂ ಹೋಗದಿದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದು ಬ್ರೌಸರನ್ನೇ ನಿಲ್ಲಿಸಿ. ಮತ್ತೆ ತೆರೆದಾಗ ‘ಹಿಂದಿನ ಪುಟಗಳನ್ನು ತೆರೆಯಲೇ’ ಎಂದು ಬ್ರೌಸರ್ ಕೇಳಿದರೆ ಬೇಡ ಅನ್ನಿ. ಬ್ರೌಸರ್ ಮುಚ್ಚಿದರೂ ಪರದೆಯ ಮೂಲೆಯಲ್ಲಿ ವೈರಸ್ ಎಚ್ಚರಿಕೆ ಇಣುಕುತ್ತಲೇ ಇದ್ದರೆ, ಎಂದೋ ಯಾವುದೋ ಸೈಟಿಗೆ ನೋಟಿಫಿಕೇಶನ್ ಕಳಿಸಲು ಅನುಮತಿ ಕೊಟ್ಟಿರುತ್ತೀರಿ. ಬ್ರೌಸರ್ ಸೆಟ್ಟಿಂಗ್‌ಗೆ ಹೋಗಿ ಅದನ್ನು ತೆಗೆದರೆ ಸರಿ. ಅಂದಹಾಗೆ, 2012ರಲ್ಲಿ ಬಂದ ವಿಂಡೋಸ್ 8ರಿಂದ ಈಚೆಗೆ ಡಿಫೆಂಡರ್ ಎಂಬ ಆಂಟಿವೈರಸ್ ವಿಂಡೋಸ್ ಒಳಗೇ ಇದೆ. ನಿಜವಾದ ವೈರಸ್ ಸಿಕ್ಕರೆ ಅದು ದುಡ್ಡು ಕೇಳದೆ ತೆಗೆಯುತ್ತದೆ.

ದುಡ್ಡು ಈಗಾಗಲೇ ಹೋಗಿದ್ದರೆ ನಾಚಿಕೆ ಪಡುತ್ತಾ ದಿನ ದೂಡಬೇಡಿ. ಕಾರ್ಡ್ ಕೊಟ್ಟ ಬ್ಯಾಂಕಿಗೆ ಮೊದಲು ತಿಳಿಸಿ, ಕಾರ್ಡ್ ನಿಲ್ಲಿಸಿ. ಅವರು ಹಾಕಿಸಿದ ಪ್ರೋಗ್ರಾಂ ತೆಗೆಸುವ ತನಕ ಆ ಕಂಪ್ಯೂಟರನ್ನು ಇಂಟರ್ನೆಟ್ಟಿನಿಂದ ದೂರ ಇಡಿ, ಪಾಸ್‌ವರ್ಡ್‌ಗಳನ್ನು ಬೇರೆ ಕಂಪ್ಯೂಟರಿನಿಂದಲೋ ಫೋನಿನಿಂದಲೋ ಬದಲಿಸಿ. ಕೆಲವು ತಿಂಗಳ ಮೇಲೆ ಇನ್ನೊಂದು ಕರೆ ಬರಬಹುದು. ನಮ್ಮ ಕಂಪನಿ ಮುಚ್ಚುತ್ತಿದೆ, ನೀವು ಕಟ್ಟಿದ ಹಣ ವಾಪಸ್ ಮಾಡುತ್ತೇವೆ, ನಿಮ್ಮ ಖಾತೆ ತೆರೆದು ತೋರಿಸಿ ಎನ್ನುತ್ತಾರೆ. ಒಮ್ಮೆ ದುಡ್ಡು ಕಟ್ಟಿದವರ ಪಟ್ಟಿ ಹಿಡಿದೇ ಆ ಕರೆ ಮಾಡುವುದು. ಮಾತು ಬೆಳೆಸದೆ ಫೋನ್ ಇಟ್ಟುಬಿಡಿ.

ನಮಸ್ಕಾರ.