ಲೇಸರ್ ಎಷ್ಟು ತಿನ್ನುತ್ತದೆ?

ಕೇಳುಗರೆಲ್ಲರಿಗೂ ನಮಸ್ಕಾರ.

ನನ್ನ ಶೆಡ್ಡು ಮೈಸೂರಿನ ಹೆಬ್ಬಾಳು ಕೈಗಾರಿಕಾ ಪ್ರದೇಶದಲ್ಲಿದೆ. ಪ್ಲೈವುಡ್, ಮರದ ನಾರು ಒತ್ತಿ ಮಾಡುವ ಎಂಡಿಎಫ್, ಗಾಜಿನಂಥ ಪ್ಲಾಸ್ಟಿಕ್ ಆದ ಆಕ್ರಿಲಿಕ್, ಈ ಹಾಳೆಗಳನ್ನು ಲೇಸರ್ ಮೆಷಿನ್ನಿನಲ್ಲಿ ಕತ್ತರಿಸಿಕೊಡುವುದು ನನ್ನ ಕೆಲಸ. ಇಲ್ಲಿನ ಕಾಲೇಜು ಹುಡುಗರು ಪ್ರಾಜೆಕ್ಟು ಹಿಡಿದುಕೊಂಡು ಬರುತ್ತಾರೆ. ಮಂಡ್ಯದಿಂದ ಪಾಲಿಟೆಕ್ನಿಕ್ ಹುಡುಗಿಯರು ಬೆಳಗಿನ ರೈಲು ಹತ್ತಿ ಬರುತ್ತಾರೆ. ನವರಾತ್ರಿ ಹತ್ತಿರವಾದರೆ ಗೊಂಬೆ ಕೂರಿಸುವ ಮನೆಯವರೂ ಬರುತ್ತಾರೆ. ಇವತ್ತು ಇವರನ್ನೆಲ್ಲ ಎದುರಿಗೆ ಕೂರಿಸಿಕೊಂಡೇ ಮಾತಾಡುತ್ತಿದ್ದೇನೆ ಅಂತ ಅಂದುಕೊಂಡಿದ್ದೇನೆ.

ಲೇಸರ್ ಬಗ್ಗೆ ಹೇಳಲು ಬೇಕಾದಷ್ಟಿದೆ. ನಾನು ಒಂದೇ ವಿಷಯ ಇಟ್ಟುಕೊಂಡು ಬಂದಿದ್ದೇನೆ. ಲೇಸರ್ ತಿನ್ನುತ್ತದೆ. ನೀವು ಕಂಪ್ಯೂಟರಿನಲ್ಲಿ ಎಳೆಯುವ ಗೆರೆಗೆ ಅಗಲ ಇರುವುದಿಲ್ಲ. ಅದೇ ಗೆರೆಯನ್ನು ಲೇಸರ್ ಮರದ ಮೇಲೆ ಎಳೆದಾಗ ಅದಕ್ಕೊಂದು ಅಗಲ ಬರುತ್ತದೆ. ಅಷ್ಟು ಅಗಲದ ಮರ ಸುಟ್ಟು ಹೊಗೆಯಾಗಿ ಹೋಗುತ್ತದೆ. ನಮ್ಮ ಕಸುಬಿನಲ್ಲಿ ಇದಕ್ಕೆ ಕರ್ಫ್ ಅನ್ನುತ್ತೇವೆ. 3 ಮಿಲಿಮೀಟರ್ ಪ್ಲೈವುಡ್ಡಿನಲ್ಲಿ ಇದು ಸಾಮಾನ್ಯವಾಗಿ 0.15ರಿಂದ 0.25 ಮಿಲಿಮೀಟರ್ ಇರುತ್ತದೆ. ಲೆಕ್ಕ ಸುಲಭವಾಗಲಿ ಅಂತ ಇವತ್ತಿಗೆ 0.2 ಅಂತ ಇಟ್ಟುಕೊಳ್ಳೋಣ.

"ಅಷ್ಟೇನಾ ಸಾರ್?" ಅಂತ ಹುಡುಗರು ಕೇಳುತ್ತಾರೆ. ಅಷ್ಟೇ. ಆದರೆ ಪೆಟ್ಟಿಗೆ ಲೊಡಲೊಡ ಅನ್ನುವುದಕ್ಕೆ ಅಷ್ಟೇ ಸಾಕು.

ನೋಡಿ, ಲೇಸರ್ ಗೆರೆಯ ಮಧ್ಯದಲ್ಲೇ ಹೋಗುತ್ತದೆ. ಅರ್ಧ ಈ ಕಡೆ ತಿನ್ನುತ್ತದೆ, ಅರ್ಧ ಆ ಕಡೆ ತಿನ್ನುತ್ತದೆ. 10 ಮಿಲಿಮೀಟರ್ ಅಗಲದ ಒಂದು ತುಂಡು ಬರೆದಿರಿ ಅನ್ನಿ. ಎಡಗಡೆ 0.1 ಹೋಯಿತು, ಬಲಗಡೆ 0.1 ಹೋಯಿತು. ಕೈಗೆ ಸಿಗುವುದು 9.8. ಈಗ 10 ಮಿಲಿಮೀಟರಿನ ಒಂದು ಕಿಂಡಿ ಬರೆದಿರಿ ಅನ್ನಿ. ಅದು ಎರಡೂ ಕಡೆ ಅಗಲವಾಗಿ 10.2 ಆಗುತ್ತದೆ. 9.8ರ ತುಂಡನ್ನು 10.2ರ ಕಿಂಡಿಗೆ ಹಾಕಿದರೆ ಬಿಗಿಯಾಗಿ ಹೇಗೆ ಕೂರುತ್ತದೆ? ತುಂಡು ಸಣ್ಣದಾಯಿತು, ಕಿಂಡಿ ದೊಡ್ಡದಾಯಿತು. ನಡುವೆ 0.4 ಖಾಲಿ.

ಮರಗೆಲಸದ ಆಚಾರಿಗಳಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಗರಗಸ ಎಷ್ಟು ತಿನ್ನುತ್ತದೆ ಅಂತ ಅವರಿಗೆ ಗೊತ್ತು. ಗೆರೆಯ ಮೇಲೆ ಗರಗಸ ಇಡುವುದೇ ಇಲ್ಲ ಅವರು, ಗೆರೆಯ ಪಕ್ಕಕ್ಕೆ ಇಡುತ್ತಾರೆ. ನಮ್ಮ ಮೈಸೂರಿನ ಬೀಟೆ ಮರದ ಇನ್‌ಲೇ ಕೆಲಸದವರನ್ನು ನೋಡಿ. ಬಣ್ಣದ ಮರದ ಚೂರನ್ನು ಮೊದಲು ಕೊಯ್ದುಕೊಳ್ಳುತ್ತಾರೆ. ಆ ಚೂರನ್ನೇ ಹಲಗೆಯ ಮೇಲೆ ಇಟ್ಟು ಸುತ್ತ ಗುರುತು ಮಾಡುತ್ತಾರೆ. ಆಮೇಲೆ ಅಷ್ಟು ಜಾಗವನ್ನು ಉಳಿಯಿಂದ ತೆಗೆಯುತ್ತಾರೆ. ಕಾಗದದ ಚಿತ್ರದ ಅಳತೆ ಅವರಿಗೆ ಮುಖ್ಯವಲ್ಲ, ಕೈಯಲ್ಲಿರುವ ಚೂರಿನ ಅಳತೆ ಮುಖ್ಯ. ಕಂಪ್ಯೂಟರ್ ಮುಂದೆ ಕೂತ ಕೂಡಲೇ ನಾವು ಇದನ್ನು ಮರೆತುಬಿಡುತ್ತೇವೆ. ಪರದೆಯ ಮೇಲೆ 10 ಅಂತ ಕಂಡರೆ ಮರದಲ್ಲೂ 10 ಇರುತ್ತದೆ ಅಂತ ನಂಬಿಬಿಡುತ್ತೇವೆ.

ಹಾಗಾದರೆ ಎಷ್ಟು ತಿನ್ನುತ್ತದೆ ಅಂತ ತಿಳಿಯುವುದು ಹೇಗೆ? ಬಹಳ ಸುಲಭ. ಪೆನ್ನು ಇದ್ದರೆ ಬರೆದುಕೊಳ್ಳಿ. 100 ಮಿಲಿಮೀಟರ್ ಉದ್ದದ ಒಂದು ಪಟ್ಟಿ ಬರೆಯಿರಿ. ಅದನ್ನು ಹತ್ತು ಮಿಲಿಮೀಟರಿನ ಹತ್ತು ತುಂಡು ಮಾಡಿ. ಲೇಸರಿನಲ್ಲಿ ಕತ್ತರಿಸಿ. ಹತ್ತೂ ತುಂಡುಗಳನ್ನು ಸಾಲಾಗಿ ಒತ್ತಿ ಹಿಡಿದು ಒಟ್ಟು ಉದ್ದವನ್ನು ವರ್ನಿಯರ್ ಕ್ಯಾಲಿಪರಿನಲ್ಲಿ, ಅಂದರೆ ಮಿಲಿಮೀಟರಿಗಿಂತ ಸಣ್ಣದನ್ನೂ ಬಾಯಲ್ಲಿ ಹಿಡಿದು ಅಳೆಯುವ ಸಾಧನದಲ್ಲಿ, ಅಳೆಯಿರಿ. ಸ್ಕೇಲಿನಲ್ಲಿ ಬೇಡ, ವರ್ನಿಯರಿನಲ್ಲೇ ಅಳೆಯಿರಿ. 98 ಬಂತು ಅನ್ನಿ. 2 ಮಿಲಿಮೀಟರ್ ಹೋಗಿದೆ. ಪ್ರತಿ ತುಂಡೂ ಆ ಅಂಚಿನಲ್ಲಿ ಅರ್ಧ, ಈ ಅಂಚಿನಲ್ಲಿ ಅರ್ಧ, ಅಂದರೆ ಒಂದು ಪೂರ್ತಿ ಕರ್ಫ್ ಕಳೆದುಕೊಂಡಿದೆ. ಹತ್ತು ತುಂಡಿಗೆ 2 ಮಿಲಿಮೀಟರ್. ಒಂದಕ್ಕೆ 0.2. ಮುಗಿಯಿತು ಲೆಕ್ಕ. ಒಂದೇ ಒಂದು ಸೀಳನ್ನು ಅಳೆಯಲು ಹೋದರೆ ಅಷ್ಟು ಸಣ್ಣದು ವರ್ನಿಯರಿನ ಬಾಯಿಗೇ ಸಿಗುವುದಿಲ್ಲ. ಹತ್ತು ಸೇರಿಸಿ ಅಳೆದರೆ ತಪ್ಪುವುದಿಲ್ಲ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಅದೇ ಹಾಳೆ, ಅದೇ ಮೆಷಿನ್, ಮೊದಲು ಒಂದು ತುಂಡು. ಸ್ನೇಹಿತ ಕೊಟ್ಟ ಅಂಕಿ ಬೇಡ. ಇಂಟರ್ನೆಟ್ಟಿನಲ್ಲಿ ಸಿಕ್ಕ ಅಂಕಿಯೂ ಬೇಡ. ಹೋದ ತಿಂಗಳು ನೀವೇ ಅಳೆದ ಅಂಕಿಯನ್ನೂ ನಂಬಬೇಡಿ.

ಯಾಕೆ ಅಂದರೆ ಈ ಕರ್ಫ್ ಒಂದೇ ಕಡೆ ನಿಲ್ಲುವುದಿಲ್ಲ. ನಾವು ಮರಕ್ಕೆ, ಆಕ್ರಿಲಿಕ್ಕಿಗೆ ಬಳಸುವುದು ಕಾರ್ಬನ್ ಡೈಆಕ್ಸೈಡ್ ಲೇಸರ್. ಇದನ್ನು ಕಂಡುಹಿಡಿದವರು ಕುಮಾರ್ ಪಟೇಲ್. ಮಹಾರಾಷ್ಟ್ರದ ಬಾರಾಮತಿಯಲ್ಲಿ ಹುಟ್ಟಿದವರು. 1964ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಮಾಡಿದರು. ಇದನ್ನು ಹೇಳುವಾಗ ನನಗೆ ಪ್ರತಿ ಸಲವೂ ಖುಷಿಯಾಗುತ್ತದೆ, ಮಕ್ಕಳಿಗೆ ಈ ಹೆಸರು ಹೇಳಿಕೊಡಿ. ಈ ಲೇಸರಿನ ಬೆಳಕು ಕಣ್ಣಿಗೆ ಕಾಣುವುದಿಲ್ಲ. ಒಂದು ಲೆನ್ಸು ಅದನ್ನು ಸಣ್ಣ ಬಿಂದುವಿಗೆ ತಂದು ನಿಲ್ಲಿಸುತ್ತದೆ. ಆ ಬಿಂದುವಿನಲ್ಲಿ ಕಿರಣ ಅತಿ ಸಣ್ಣ, ಅದರ ಮೇಲೂ ಕೆಳಗೂ ದಪ್ಪ. ಲೆನ್ಸಿನ ಎತ್ತರ ಸ್ವಲ್ಪ ತಪ್ಪಿದರೆ ಸೀಳು ಅಗಲವಾಗುತ್ತದೆ. ಲೆನ್ಸಿಗೆ ಹೊಗೆ ಹಿಡಿದರೆ ಅಗಲವಾಗುತ್ತದೆ. ಮೆಷಿನ್ನನ್ನು ನಿಧಾನಕ್ಕೆ ಓಡಿಸಿದರೂ ಅಗಲವಾಗುತ್ತದೆ. ಹಾಗಾಗಿ ಅದೇ ಹಾಳೆ, ಅದೇ ಮೆಷಿನ್, ಮೊದಲು ಒಂದು ತುಂಡು.

ಇನ್ನು ಹಾಳೆಯ ದಪ್ಪ. ಇದಕ್ಕೆ ಒಬ್ಬರು ಅಮ್ಮನವರ ವಿಷಯ ಹೇಳಲೇಬೇಕು.

ಕುವೆಂಪುನಗರದವರು. ಪ್ರತಿ ವರ್ಷ ಗೊಂಬೆ ಕೂರಿಸುವ ಮನೆ. ಪಟ್ಟದ ಗೊಂಬೆಗಳಿಗೆ ಒಂದು ಮಂಟಪ ಬೇಕು ಅಂತ ಅವರಿಗೆ ಆಸೆ. ಅಣ್ಣನ ಮಗ ಇಂಜಿನಿಯರಿಂಗ್ ಓದುತ್ತಿದ್ದ. "ನಾನು ಮಾಡ್ಕೊಡ್ತೀನಿ ಅತ್ತೆ" ಅಂದ. ಕೆಳಗೊಂದು ಪೀಠ, ನಾಲ್ಕು ಕಂಬ, ಮೇಲೆ ಮೂರು ಹಂತದ ಗೋಪುರ. ಅಂಟು ಇಲ್ಲ, ಮೊಳೆ ಇಲ್ಲ, ಒಂದಕ್ಕೊಂದು ಸಿಕ್ಕಿಸಿ ನಿಲ್ಲಿಸುವುದು. ಚಿತ್ರ ಬಹಳ ಚೆನ್ನಾಗಿ ಬರೆದಿದ್ದ. ಬೇರೆ ಯಾವುದೋ ಅಂಗಡಿಯಲ್ಲಿ ಕತ್ತರಿಸಿಕೊಂಡಿದ್ದ. ಮನೆಗೆ ತಂದು ನಿಲ್ಲಿಸಿದರೆ ಮಂಟಪ ಒಂದು ಕಡೆಗೆ ವಾಲಿತು. ಸರಿ ಮಾಡಿದರೆ ಇನ್ನೊಂದು ಕಡೆಗೆ ವಾಲಿತು. ಎಲ್ಲವನ್ನೂ ಅಕ್ಕಿ ಚೀಲಕ್ಕೆ ತುಂಬಿಕೊಂಡು ಇಬ್ಬರೂ ನನ್ನ ಶೆಡ್ಡಿಗೆ ಬಂದರು.

"ಏನಪ್ಪಾ ಇದು, ರಾಜ ರಾಣೀನ ಇದರ ಕೆಳಗೆ ಹೆಂಗೆ ಕೂರಿಸ್ಲಿ? ತಲೆ ಮೇಲೆ ಬಿದ್ರೆ?" ಅಂದರು ಅಮ್ಮ.

"ಡ್ರಾಯಿಂಗ್ ಕರೆಕ್ಟಾಗೇ ಇದೆ ಸಾರ್, ಮೆಷಿನ್ನೇ ಸರಿ ಇಲ್ಲ" ಅಂದ ಹುಡುಗ. ಈ ಮಾತು ಕೇಳಿದರೆ ನನಗೆ ತಾಳ್ಮೆ ಸ್ವಲ್ಪ ಕಡಿಮೆಯಾಗುತ್ತದೆ.

ವರ್ನಿಯರ್ ತೆಗೆದುಕೊಂಡೆ. ಅಂಗಡಿಯವರು 4 ಮಿಲಿಮೀಟರ್ ಅಂತ ಕೊಟ್ಟ ಪ್ಲೈವುಡ್ಡು ಅಳೆದರೆ 3.7 ಇತ್ತು. ಇದರಲ್ಲಿ ಮೋಸ ಇಲ್ಲ, ಪ್ಲೈವುಡ್ಡು ಇರುವುದೇ ಹಾಗೆ. ಹೆಸರಿಗೆ 4, ಅಳೆದರೆ ಸ್ವಲ್ಪ ಕಡಿಮೆಯೋ ಜಾಸ್ತಿಯೋ ಇರುತ್ತದೆ. ಮಳೆಗಾಲದ ತೇವಕ್ಕೆ ಇನ್ನಷ್ಟು ಉಬ್ಬುತ್ತದೆ. ಹುಡುಗ ಕಿಂಡಿಗಳನ್ನು ಸರಿಯಾಗಿ 4 ಮಿಲಿಮೀಟರ್ ಬರೆದಿದ್ದ. ಲೇಸರ್ 0.2 ತಿಂದು ಅವು 4.2 ಆಗಿದ್ದವು. 3.7ರ ಹಲಗೆ, 4.2ರ ಕಿಂಡಿ. ಅರ್ಧ ಮಿಲಿಮೀಟರ್ ಸಡಿಲ.

ಅರ್ಧ ಮಿಲಿಮೀಟರಿಗೆ ಮಂಟಪ ವಾಲುತ್ತದಾ ಅಂತ ಕೇಳಬೇಡಿ. ಲೆಕ್ಕ ಹಾಕಿ ನೋಡಿ. ಕಂಬ ನಿಂತಿರುವ ಕಿಂಡಿಯ ಆಳ ಬರೀ ಒಂದು ಹಲಗೆಯ ದಪ್ಪ. ಆ 3.7 ಆಳದಲ್ಲಿ ಅರ್ಧ ಮಿಲಿಮೀಟರ್ ಆಡಿದರೆ, ಒಂದು ಅಡಿ ಎತ್ತರದ ಕಂಬದ ತುದಿ ಹೆಚ್ಚುಕಡಿಮೆ ಎರಡು ಬೆರಳು ಅಗಲ ಆಚೆಗೆ ಹೋಗುತ್ತದೆ. ಅದರ ಮೇಲೆ ಮೂರು ಹಂತದ ಗೋಪುರ ಬೇರೆ.

"ಫೆವಿಕಾಲ್ ಹಾಕಿಬಿಡೋಣ" ಅಂದ ಹುಡುಗ. ಅಮ್ಮ ಒಪ್ಪಲಿಲ್ಲ. "ಅಂಟು ಹಾಕಿದ್ರೆ ಅಟ್ಟದ ಮೇಲೆ ಹೆಂಗೆ ಇಡೋದು? ಬಿಚ್ಚಿ ಬಟ್ಟೇಲಿ ಸುತ್ತಿ ಇಡೋಕೆ ಅಂತಾನೇ ಇದನ್ನ ಮಾಡಿಸಿದ್ದು" ಅಂದರು. ಅದು ಸರಿಯಾದ ಮಾತು.

ಆಮೇಲೆ ಹುಡುಗ ಇನ್ನೊಂದು ಉಪಾಯ ಹೇಳಿದ. ಇಡೀ ಡ್ರಾಯಿಂಗನ್ನು ಶೇಕಡಾ ಲೆಕ್ಕದಲ್ಲಿ ಚಿಕ್ಕದು ಮಾಡಿದರೆ ಕಿಂಡಿಗಳೂ ಚಿಕ್ಕದಾಗುತ್ತವೆ ಅಲ್ವಾ ಅಂದ. ಕೇಳುಗರೇ, ಇದನ್ನು ಬಹಳ ಜನ ಮಾಡುತ್ತಾರೆ. ದಯವಿಟ್ಟು ಮಾಡಬೇಡಿ. 4 ಇದ್ದದ್ದು 3.5 ಆಗಬೇಕಾದರೆ ಮಂಟಪದ ಎತ್ತರ, ಅಗಲ, ಕಂಬಗಳ ನಡುವಿನ ಜಾಗ ಎಲ್ಲ ಎಂಟರಲ್ಲಿ ಒಂದು ಭಾಗ ಕುಗ್ಗುತ್ತದೆ. ರಾಜ ರಾಣಿ ಒಳಗೇ ಹೋಗುವುದಿಲ್ಲ. ಲೇಸರಿಗೆ ಶೇಕಡಾ ಲೆಕ್ಕ ಗೊತ್ತಿಲ್ಲ. ತುಂಡು ದೊಡ್ಡದಿರಲಿ, ಚಿಕ್ಕದಿರಲಿ, ಅದು ತಿನ್ನುವುದು ಅದೇ 0.2. ಅದಕ್ಕೆ ಅಂಚುಗಳನ್ನು ಮಾತ್ರ ಸರಿಸಬೇಕು, ಇಡೀ ಚಿತ್ರವನ್ನು ಕುಗ್ಗಿಸಬಾರದು.

ಹೊಸ ಹಾಳೆ ತಂದರು. ಅದರ ಮೇಲೂ 4 ಅಂತಲೇ ಇತ್ತು. ಅಳೆದರೆ 4.1! ಹಳೆಯ ಹಾಳೆಯ ಲೆಕ್ಕದಲ್ಲಿ ಕತ್ತರಿಸಿದ್ದರೆ ಒಂದು ಕಂಬವೂ ಒಳಗೆ ಹೋಗುತ್ತಿರಲಿಲ್ಲ. ಇಲ್ಲಿ ಕಿಂಡಿಯ ಲೆಕ್ಕ ಸರಿಯಾಗಿ ತಿಳಿದುಕೊಳ್ಳಿ. ಲೇಸರ್ ಹಾಳೆಯ ದಪ್ಪವನ್ನು ಮುಟ್ಟುವುದಿಲ್ಲ, ಕಿಂಡಿಯನ್ನು ಮಾತ್ರ ಅಗಲ ಮಾಡುತ್ತದೆ. ಹಾಗಾಗಿ ಅಳೆದ ದಪ್ಪದಲ್ಲಿ ಒಂದು ಕರ್ಫ್ ಕಳೆಯಿರಿ. 4.1ರಲ್ಲಿ 0.2 ಹೋದರೆ 3.9. ಕಿಂಡಿಯನ್ನು 3.9 ಬರೆದರೆ ಮರದಲ್ಲಿ 4.1 ಬರುತ್ತದೆ.

ಅಷ್ಟಕ್ಕೇ ಬಿಡಲಿಲ್ಲ ನಾನು. ಅದೇ ಹಾಳೆಯ ಮೂಲೆಯಲ್ಲಿ ಒಂದು ಪಟ್ಟಿ ಕತ್ತರಿಸಿದೆ. ಬಾಚಣಿಗೆಯ ಹಾಗೆ ಸಾಲಾಗಿ ಕಿಂಡಿಗಳು. 3.75, 3.8, 3.85, 3.9, 3.95. ಪ್ರತಿಯೊಂದರ ಪಕ್ಕದಲ್ಲೂ ಅದರ ಅಳತೆಯನ್ನು ಲೇಸರಿನಲ್ಲೇ ಬರೆಸಿದೆ. ಒಂದು ಚೂರು ಪ್ಲೈವುಡ್ಡು ಕೈಗೆ ಕೊಟ್ಟು, ಅಮ್ಮಾ ನೀವೇ ಹಾಕಿ ನೋಡಿ ಅಂದೆ. ಸ್ಟೂಲಿನ ಮೇಲೆ ಕೂತು ಒಂದೊಂದನ್ನೇ ಒತ್ತಿ ನೋಡಿದರು. "ಇದು ಸಡಿಲ. ಇದು ಪರವಾಗಿಲ್ಲ. ಇದು ನನ್ನ ಕೈಲಿ ಆಗಲ್ಲ." ಹುಡುಗನಿಗೆ 3.8 ಇಷ್ಟವಾಗಿತ್ತು, ಸುತ್ತಿಗೆಯಲ್ಲಿ ತಟ್ಟಿದರೆ ಗಟ್ಟಿಯಾಗಿ ಕೂರುತ್ತದೆ ಅಂದ. ಅಮ್ಮ 3.85 ಹಿಡಿದುಕೊಂಡರು. "ವಿಜಯದಶಮಿ ಆದ್ಮೇಲೆ ಬಿಚ್ಚೋಳು ನಾನು ಕಣೋ. ನೀನು ಹಾಸ್ಟೆಲಿಗೆ ಹೋಗಿರ್ತೀಯ" ಅಂದರು.

ಇಷ್ಟು ಚೆನ್ನಾಗಿ ಯಾವ ಇಂಜಿನಿಯರೂ ನನಗೆ ಹೇಳಿರಲಿಲ್ಲ. ಎಷ್ಟು ಬಿಗಿ ಬೇಕು ಅನ್ನುವುದನ್ನು ಬಿಚ್ಚುವವರ ಕೈ ಹೇಳಬೇಕು. ಒಮ್ಮೆ ಕೂರಿಸಿ ಬಿಡುವ ಪೆಟ್ಟಿಗೆಯಾದರೆ ತಟ್ಟಿ ಕೂರಿಸುವಷ್ಟು ಬಿಗಿ ಇರಲಿ. ಮಕ್ಕಳು ಜೋಡಿಸಿ ಬಿಚ್ಚುವ ಆಟಿಕೆಯಾದರೆ ಬೆರಳಿನಲ್ಲಿ ಒತ್ತಿದರೆ ಸಾಕಾಗುವಷ್ಟು ಇರಲಿ. ಅದನ್ನು ಹೇಳುವುದು ಆ ಪುಟ್ಟ ಪಟ್ಟಿ ಮಾತ್ರ. ಅದೇ ಹಾಳೆ, ಅದೇ ಮೆಷಿನ್, ಮೊದಲು ಒಂದು ತುಂಡು. ಅಂಗೈ ಅಗಲದ ಪ್ಲೈವುಡ್ಡು ಉಳಿಸಲು ಹೋಗಿ ಇಡೀ ಹಾಳೆ ಕಳೆದುಕೊಳ್ಳುವವರನ್ನು ನೋಡಿದರೆ ನನಗೆ ಸಂಕಟವಾಗುತ್ತದೆ.

ಸಮಯ ಕಡಿಮೆ ಉಳಿದಿದೆ. ಮಿಕ್ಕದ್ದನ್ನು ಬೇಗ ಹೇಳುತ್ತೇನೆ.

ಬೆರಳಿಗೆ ಬೆರಳು ಹೆಣೆದ ಹಾಗೆ ಮೂಲೆಗಳು ಸೇರುವ ಪೆಟ್ಟಿಗೆಗಳಿವೆಯಲ್ಲ, ಫಿಂಗರ್ ಜಾಯಿಂಟ್ ಅನ್ನುತ್ತಾರೆ. ಅಲ್ಲಿ ಎರಡೂ ಕಡೆಯನ್ನು ಲೇಸರೇ ಕತ್ತರಿಸಿರುತ್ತದೆ. ಆದ್ದರಿಂದ ಸಡಿಲವೂ ಎರಡರಷ್ಟು. ಇದಕ್ಕೆ ಹೊರಗಿನ ಗೆರೆಯನ್ನೆಲ್ಲ ಅರ್ಧ ಕರ್ಫ್, ಅಂದರೆ 0.1, ಹೊರಕ್ಕೆ ಸರಿಸಿ. ಒಳಗಿನ ತೂತುಗಳ ಗೆರೆಯನ್ನು ಅಷ್ಟೇ ಒಳಕ್ಕೆ ಸರಿಸಿ. ಕೈಯಲ್ಲಿ ಮಾಡಬೇಕಾಗಿಲ್ಲ, ಸಾಫ್ಟ್‌ವೇರೇ ಮಾಡುತ್ತದೆ. ಕೆಲವು ಸಾಫ್ಟ್‌ವೇರು ಪೂರ್ತಿ ಕರ್ಫ್ ಕೇಳುತ್ತವೆ, ಕೆಲವು ಅರ್ಧ ಕೇಳುತ್ತವೆ. ನಿಮ್ಮದು ಯಾವುದು ಕೇಳುತ್ತದೆ ಅಂತ ಓದಿಕೊಳ್ಳಿ. ಮತ್ತೆ, ನೀವು ಒಂದು ಸಲ ಸರಿಸಿ, ಅಂಗಡಿಯವರು ಇನ್ನೊಂದು ಸಲ ಸರಿಸಿದರೆ ಏನೂ ಒಳಗೆ ಹೋಗುವುದಿಲ್ಲ. ಯಾರು ಸರಿಸುವುದು ಅಂತ ಮೊದಲೇ ಮಾತಾಡಿಕೊಳ್ಳಿ.

ಆಕ್ರಿಲಿಕ್ ಬೇರೆ ಜಾತಿ. ಮರವನ್ನು ಒತ್ತಿದರೆ ಸ್ವಲ್ಪ ತಗ್ಗಿ ಜಾಗ ಕೊಡುತ್ತದೆ, ಆಕ್ರಿಲಿಕ್ ಕೊಡುವುದಿಲ್ಲ. ಬಿಗಿ ಮಾಡಿ ತಟ್ಟಿದರೆ ಕಿಂಡಿಯ ಮೂಲೆಯಿಂದ ಸೀಳುತ್ತದೆ. ಕೈಯಲ್ಲಿ ನಯವಾಗಿ ಜಾರುವಷ್ಟೇ ಇರಲಿ, ಆಮೇಲೆ ಆಕ್ರಿಲಿಕ್ ಅಂಟು ಬಿಡಿ. ಪಿವಿಸಿ ಹಾಳೆಯನ್ನು ಮಾತ್ರ ಲೇಸರಿಗೆ ಹಾಕಲೇಬೇಡಿ. ಅದರಿಂದ ಬರುವ ಹೈಡ್ರೋಜನ್ ಕ್ಲೋರೈಡ್ ಹೊಗೆ ಎದೆಗೂ ಕೆಟ್ಟದ್ದು, ಮೆಷಿನ್ನಿನ ಕಬ್ಬಿಣವನ್ನೂ ತಿಂದುಹಾಕುತ್ತದೆ.

ನಾಳೆ ಯಾವುದಾದರೂ ಲೇಸರ್ ಅಂಗಡಿಗೆ ಹೋಗುವವರಿದ್ದರೆ, ಪೆನ್‌ಡ್ರೈವ್ ಕೊಡುವ ಮೊದಲು ಎರಡು ಪ್ರಶ್ನೆ ಕೇಳಿ. ಈ ಹಾಳೆ ಅಳೆದರೆ ಎಷ್ಟಿದೆ? ನಿಮ್ಮ ಮೆಷಿನ್ ಇವತ್ತು ಎಷ್ಟು ತಿನ್ನುತ್ತಿದೆ? ಉತ್ತರ ಸಿಗದಿದ್ದರೆ ಹತ್ತು ತುಂಡಿನ ಪಟ್ಟಿ ನಿಮ್ಮ ಪೆನ್‌ಡ್ರೈವಿನಲ್ಲೇ ಇರಲಿ, ಮೊದಲು ಅದನ್ನು ಕತ್ತರಿಸಿಕೊಡಿ ಅನ್ನಿ. ಅದಕ್ಕೆ ಬೇರೆ ದುಡ್ಡು ಕೇಳಿದರೆ ಕೊಟ್ಟುಬಿಡಿ.

ನಮಸ್ಕಾರ.